ತಲೆಕೆಳಗಾದ ತ್ರಿಶೂಲ

ಸಿದ್ದಕಟ್ಟೆಯಲ್ಲಿ ಮೂಡುಬಿದಿರೆಯ ಬಸ್ಸು ಹತ್ತುವಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಹತ್ತುವಾಗ ಮೊಮ್ಮಗಳು ಸುಪ್ರೀತಾಳ ಮೇಲೆ ಎಂದುಕೊಂಡಿದ್ದೆ. ಅರ್ಧ ದಾರಿ ಬರುವಷ್ಟರಲ್ಲಿ ಅವಳ ಕಾಲೇಜಿನ ಮಾಷ್ಟ್ರ ಮೇಲೆ ಎನಿಸತೊಡಗಿತು. ನಡುವೆ ಕಂಡಕ್ಟರ್ "ಎಲ್ಲಿಗಮ್ಮ?" ಎಂದು ಕೇಳಿದ್ದಕ್ಕೆ ಅವನಿಗೂ ಬೈದುಬಿಟ್ಟೆ. ಪಾಪ, ಅವನೇನು ಮಾಡಿದ್ದ?

ನಮ್ಮದು ನೇಕಾರರ ಮನೆ. ನಾನು ಕಾಂತಿ. ಅರವತ್ತೇಳು ವರ್ಷದಲ್ಲಿ ನಲವತ್ತೊಂಬತ್ತನ್ನು ಗುಂಡಿಮಗ್ಗದ ಹಲಗೆಯ ಮೇಲೆ ಕೂತು, ಕಾಲನ್ನು ನೆಲದೊಳಗಿನ ಗುಂಡಿಗೆ ಇಳಿಬಿಟ್ಟು ಕಳೆದವಳು. ಹೋದ ವರ್ಷ ಬಲಗೈಯ ಮಣಿಕಟ್ಟು ಕೈಕೊಟ್ಟಿತು. ಲಾಳಿ ಎಸೆದರೆ ಭುಜದವರೆಗೆ ಜೀವ ಹೋಗುತ್ತದೆ. ಮಗಳು ಕಾದು ಕೂತವಳ ಹಾಗೆ, "ಇನ್ನು ಆ ಗುಂಡಿಗೆ ಮಣ್ಣು ತುಂಬಿಸುವ ಅಮ್ಮ, ಅಡುಗೆಕೋಣೆ ದೊಡ್ಡದು ಮಾಡುವ" ಎಂದಳು. ಸುತ್ತಿನ ಹತ್ತಾರು ಮನೆಗಳಲ್ಲಿದ್ದ ಮಗ್ಗಗಳಲ್ಲಿ ಉಳಿದದ್ದು ಇದೊಂದೇ. ಅದೂ ಹೋದರೆ ನಾನು ಯಾರು ಎಂದು ನನಗೇ ಗೊತ್ತಾಗಲಿಕ್ಕಿಲ್ಲ.

ಆಗ ಬಾಯಿ ಬಿಟ್ಟವಳು ಸುಪ್ರೀತಾ. ಬಿ.ಎ. ಇತಿಹಾಸ ಓದುವ ಹುಡುಗಿ. ದಿನವಿಡೀ ಕೈಯಲ್ಲಿ ಮೊಬೈಲು. ಅವಳಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. "ನಾನು ಕೂರ್ತೇನೆ ಅಜ್ಜಿ. ಆಯುಧಪೂಜೆಯ ದಿನ ಶುರು ಮಾಡುವ" ಎಂದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ನಮ್ಮ ಮನೆಯಲ್ಲಿ ಒಂದು ಕ್ರಮ ಉಂಟು. ಮೊದಲ ಸಲ ಮಗ್ಗಕ್ಕೆ ಕೂರುವವರ ಹೆಗಲಿಗೆ ಹುಕ್ರಪ್ಪಜ್ಜನ ಬಟ್ಟೆ ಹೊದೆಸಬೇಕು. ಹುಕ್ರಪ್ಪಜ್ಜ ಎಂದರೆ ನನ್ನ ತಾಯಿಯ ಅಜ್ಜ. ಮಣ್ಣುಬಣ್ಣದ, ಒಂದೂವರೆ ಗಜದ ದಪ್ಪ ಬಟ್ಟೆ. ಅದರ ಒಂದು ಮೂಲೆಯಲ್ಲಿ ಕಪ್ಪು ಶಾಯಿಯ ತ್ರಿಶೂಲ. ಅಜ್ಜ ಭಕ್ತಿಯಿಂದ ನೇಯುತ್ತಿದ್ದಾಗ ನಮ್ಮ ಕುಲದೇವರು ವೀರಭದ್ರನೇ ಒತ್ತಿದ ಗುರುತು ಅದು ಎಂದು ಅಮ್ಮ ಹೇಳುತ್ತಿದ್ದಳು. ವರ್ಷಕ್ಕೊಮ್ಮೆ ತೆಗೆದು ಕುಂಕುಮ ಹಚ್ಚುವುದು, ಮತ್ತೆ ದೇವರಕೋಣೆಯ ಮಣೆಯ ಅಡಿಯಲ್ಲಿ ಇಡುವುದು. ಹೊರಗಿನವರ ಕಣ್ಣಿಗೆ ಅದು ಬೀಳಲೇಬಾರದು, ಬಿದ್ದರೆ ವೀರಭದ್ರನಿಗೆ ಕೋಪ ಬರುತ್ತದೆ ಎಂದು ಹುಕ್ರಪ್ಪಜ್ಜನೇ ಹೆಂಗಸರಿಂದ ಭಾಷೆ ತೆಗೆದುಕೊಂಡಿದ್ದರಂತೆ.

ಈ ಪುಣ್ಯಾತ್ಗಿತ್ತಿ ಅದರ ಫೋಟೋ ತೆಗೆದು ಕಾಲೇಜಿನ ಮಾಷ್ಟ್ರಿಗೆ ತೋರಿಸಿದ್ದಳು! ಸಂಜೆ ಮನೆಗೆ ಬಂದವಳ ಮುಖ ಬಿಳಿಚಿಕೊಂಡಿತ್ತು.

"ಅಜ್ಜಿ, ಅದು ತ್ರಿಶೂಲ ಅಲ್ಲಂತೆ. ಬ್ರಿಟಿಷರ ಮಿಲಿಟ್ರಿಯ ಗುರುತಂತೆ. ಸಿಪಾಯಿಗಳ ಖಾಕಿ ಅದು."

"ನಿನ್ನ ತಲೆ!"

"ನಾನು ಮಗ್ಗಕ್ಕೆ ಕೂರ್ತೇನೆ. ಆದರೆ ಅದನ್ನು ಹೊದ್ದು ಕೂರುವುದಿಲ್ಲ."

"ಅದನ್ನು ಹೊದೆಯದೆ ಈ ಮನೆಯಲ್ಲಿ ಯಾರೂ ಕೂತದ್ದಿಲ್ಲ" ಎಂದೆ. ಅಲ್ಲಿಗೆ ಇಬ್ಬರದೂ ಮಾತು ನಿಂತಿತು. ಆಯುಧಪೂಜೆಗೆ ಇನ್ನು ನಾಲ್ಕೇ ದಿನ. ಮಗಳು ಅಡುಗೆಕೋಣೆಯ ಗೋಡೆಗೆ ಆಗಲೇ ಅಳತೆಯ ಟೇಪು ಹಿಡಿಯುತ್ತಿದ್ದಳು. ಮರುದಿನ ಬೆಳಿಗ್ಗೆ ನಾನು ಬಟ್ಟೆಯನ್ನು ಚೀಲಕ್ಕೆ ಹಾಕಿ ಹೊರಟೆ. ಫೋಟೋದಲ್ಲಿ ಅದು ಮಾಷ್ಟ್ರ ಕಣ್ಣಿಗೆ ಬಿದ್ದಾಗಿತ್ತು, ಇನ್ನು ವೀರಭದ್ರನಿಗೆ ಹೆದರಿ ಬಚ್ಚಿಡಲಿಕ್ಕೆ ಏನು ಉಳಿದಿತ್ತು?

ಮಾಷ್ಟ್ರ ಹೆಸರು ಜಯವರ್ಮ. ನಾರಾವಿ ಕಡೆಯ ಜೈನರು. ಜೋರು ದನಿಯವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಈ ಮನುಷ್ಯ ಎದ್ದು ನಿಂತು ಕುರ್ಚಿ ಎಳೆದುಕೊಟ್ಟು, "ಬನ್ನಿ ಅಮ್ಮ, ಆಸರಿಗೆ ಎಂತ ಕುಡೀತೀರಿ?" ಎಂದರು.

"ಆಸರಿಗೆ ಬೇಡ ಮಾಷ್ಟ್ರೇ. ನೂರು ವರ್ಷದಿಂದ ಕೈಮುಗಿದ ತ್ರಿಶೂಲವನ್ನು ಒಂದು ಫೋಟೋ ನೋಡಿ ಅಲ್ಲ ಅಂತೀರಲ್ಲ, ಅದು ಹೇಗೆ?"

ಅವರು ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಮೆಲ್ಲ ತಿರುಗಿಸಿ ಮೇಲಿನ ಬದಿಯನ್ನು ಕೆಳಗೆ ಮಾಡಿದರು. "ನೀವು ತಲೆಕೆಳಗೆ ಹಿಡಿದದ್ದು ಅಮ್ಮ. ಹೀಗೆ ನೋಡಿ. ಮೂರು ಗೆರೆ ಮೇಲೆ ಒಂದೇ ಕಡೆ ಕೂಡುತ್ತದೆ. ಇದು ಬಾಣ. ಅವರ ಸರ್ಕಾರದ ಸಾಮಾನಿಗೆಲ್ಲ ಒತ್ತುತ್ತಿದ್ದ ಗುರುತು."

ನೋಡಿದೆ. ಬಾಣವೇ. ತಿರುಗಿಸಿದೆ, ತ್ರಿಶೂಲ. ಮತ್ತೆ ತಿರುಗಿಸಿದೆ, ಬಾಣ. ನನಗೆ ತಲೆ ಸುತ್ತಿದ ಹಾಗಾಗಿ ಆಸರಿಗೆ ನೀರು ಕೇಳಿದೆ.

ಆಮೇಲೆ ಅವರು ಹೇಳಿದ್ದರಲ್ಲಿ ನನ್ನ ತಲೆಗೆ ಹತ್ತಿದ್ದು ಇಷ್ಟು. ಇಂಗ್ಲೆಂಡಿನಲ್ಲಿ ಹಬೆಯಿಂದ ನಡೆಯುವ ಮಿಲ್ಲುಗಳು ಬಂದವು. ಅವು ನೇಯುತ್ತಿದ್ದ ಬಟ್ಟೆ ಅಲ್ಲಿನವರು ಉಟ್ಟು ಮುಗಿಸುವಷ್ಟಲ್ಲ. ಹಾಗಾಗಿ ಮಾರಲಿಕ್ಕೆ ಬೇರೆ ಊರು ಬೇಕು. ಹತ್ತಿ ಅಲ್ಲಿ ಬೆಳೆಯುವುದಿಲ್ಲ, ಅದಕ್ಕೂ ಬೇರೆಯವರ ಊರೇ ಬೇಕು. ಸುಮ್ಮನೆ ಕೊಡದಿದ್ದರೆ ಬಂದೂಕು, ಹಡಗು. ಅವೂ ಅದೇ ಕಾರ್ಖಾನೆಗಳ ಕಬ್ಬಿಣದವು.

"ಮಿಲ್ಲಿನ ಹೊಟ್ಟೆ ತುಂಬಿಸ್ಲಿಕ್ಕೆ ಊರೂರು ನುಂಗುವುದಾ?" ಎಂದೆ.

"ಅದೊಂದೇ ಕಾರಣ ಅಂತ ಹೇಳಿದರೆ ತಪ್ಪಾಗ್ತದೆ. ಆದರೆ ದೊಡ್ಡ ಕಾರಣ ಹೌದು. ಮಿಲ್ಲಿನ ಬಟ್ಟೆ ಬಂದು ನಿಮ್ಮ ಹಿರಿಯರ ಮಗ್ಗ ನಿಂತಿರಬೇಕು. ಸುಪ್ರೀತಾ ಹೇಳಿದ ಆ ಹುಕ್ರಪ್ಪಜ್ಜ ಕೆಲಸಕ್ಕೆ ಮಂಗಳೂರಿಗೆ ಹೋಗಿದ್ದರಾ?"

ಹೋಗಿದ್ದರು. ಅದು ಮನೆಯವರಿಗೆಲ್ಲ ಗೊತ್ತು. ಹನ್ನೊಂದು ವರ್ಷ ಅಲ್ಲಿಯ ನೇಯ್ಗೆ ಕಾರ್ಖಾನೆಯಲ್ಲಿದ್ದು, ಮುದುಕರಾದ ಮೇಲೆ ಬಂದು ಮನೆಯ ಮಗ್ಗವನ್ನು ಮತ್ತೆ ಹೂಡಿದವರು.

"ಅಲ್ಲಿ ಸಿಪಾಯಿಗಳ ಬಟ್ಟೆಯೂ ನೇಯುತ್ತಿದ್ದರು" ಎಂದರು ಮಾಷ್ಟ್ರು. "ಈ ದೇಶದ ಸಿಪಾಯಿಗಳನ್ನು ಬರ್ಮಾಕ್ಕೆ, ಚೀನಾಕ್ಕೆ, ಆಫ್ರಿಕಾಕ್ಕೆ ಕಳಿಸ್ತಿದ್ದರು. ಈ ಬಟ್ಟೆ ಎಲ್ಲಿಗೆ ಹೊರಟಿತ್ತು ಅಂತ ಗೊತ್ತಿಲ್ಲ. ಅಂಥ ಒಂದು ಕಡೆಗೆ ಇರಬೇಕು."

ಕಂಪ್ಯೂಟರಿನಲ್ಲಿ ಒಂದು ಹಳೆಯ ಫೋಟೋ ತೋರಿಸಿದರು. ಆಫ್ರಿಕಾದ ಯಾವುದೋ ಹಳ್ಳಿ. ಸಾಲಾಗಿ ನಿಂತ ಸಿಪಾಯಿಗಳು, ಅವರ ಮುಂದೆ ನೆಲದ ಮೇಲೆ ಕೂತ ಜನ. ಒಬ್ಬಳು ಹೆಂಗಸು ನೇರ ನನ್ನನ್ನೇ ನೋಡುತ್ತಿದ್ದಳು, ಕಾಂತಿ ನೀನಾ ಎಂದು ಕೇಳುವವಳ ಹಾಗೆ. ನನಗೆ ಅವಳ ಕಣ್ಣು ಎದುರಿಸಲಾಗದೆ ಅವಳು ಸುತ್ತಿದ ಬಟ್ಟೆಯನ್ನು ನೋಡಿದೆ. ಅಂಚು ಗೆರೆ ಎಳೆದಷ್ಟು ನೇರ. ಕೈಮಗ್ಗದ ಅಂಚು ಹಾಗೆ ಬರುವುದಿಲ್ಲ. ಸಂಜೆ ಕೈ ಸೋತಲ್ಲಿ ಅದು ಎಳೆಯಷ್ಟು ಒಳಗೆ ಸರಿದಿರುತ್ತದೆ.

"ಇದು ಮಿಲ್ಲಿನ ಬಟ್ಟೆ ಮಾಷ್ಟ್ರೇ" ಎಂದೆ. "ಇವರಲ್ಲಿ ಮಗ್ಗ ಇರ್ಲಿಲ್ವಾ?"

"ಇತ್ತು ಅಮ್ಮ. ಆ ಕಡೆಯ ಎಷ್ಟೋ ಊರುಗಳಲ್ಲಿ ನೇಕಾರರಿದ್ದರು."

"ನನಗೆ ಒಂದೇ ಮಾತಲ್ಲಿ ಹೇಳಿ. ನಮ್ಮ ಅಜ್ಜ ಪೆಟ್ಟು ತಿಂದವರಾ, ಪೆಟ್ಟು ಕೊಟ್ಟವರಾ?"

"ಎರಡೂ."

"ಎರಡೂ ಅಂದ್ರೆ ಎಂತದು? ಪರೀಕ್ಷೆಯಲ್ಲಿ ಮಕ್ಕಳು ಹಾಗೆ ಬರೆದರೆ ಮಾರ್ಕು ಕೊಡ್ತೀರಾ ನೀವು?"

"ಕೊಡ್ತೇನೆ" ಎಂದರು ಮಾರಾಯ, ನಗದೆ!

ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಟ್ಟರು. ಬಸ್ಸು ಬರುವ ಹೊತ್ತಿಗೆ ಇನ್ನೊಂದು ಬಾಂಬು ಹಾಕಿದರು. "ಒಂದು ವಿಷಯ ನನಗೂ ಅರ್ಥ ಆಗುವುದಿಲ್ಲ ಅಮ್ಮ. ಈ ಗುರುತು ಒತ್ತಿದ ಮೇಲೆ ಅದು ಸರ್ಕಾರದ ಸೊತ್ತು. ಕೆಲಸದವರ ಮನೆಗೆ ಬರುವಂಥದ್ದಲ್ಲ. ಸಿಕ್ಕಿಬಿದ್ದರೆ ಜೈಲು."

"ಅಜ್ಜ ಕದ್ದರು ಅಂತೀರಾ?"

"ಕದ್ದಿರಬಹುದು. ಯಾರಾದರೂ ಕೊಟ್ಟಿರಲೂಬಹುದು. ದಾಖಲೆ ಇಲ್ಲ."

ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಬಾಂಬು ಸಿಡಿದದ್ದು ಅಲ್ಲಿ. ಹೊರಗಿನವರ ಕಣ್ಣಿಗೆ ಬೀಳಬಾರದು ಎಂದು ಭಾಷೆ ತೆಗೆದುಕೊಂಡದ್ದು! ದೇವರ ಮಣೆಯ ಅಡಿಯಲ್ಲಿ ಇಡಿಸಿದ್ದು! ಪೊಲೀಸರು ಬಂದರೂ ಅಲ್ಲಿಗೆ ಕೈ ಹಾಕಲಿಕ್ಕಿಲ್ಲವಲ್ಲ. ಅಜ್ಜ ಹೆದರಿದ್ದು ಯಾರ ಕೋಪಕ್ಕೆ ಎಂದು ಈಗ ಹೊಳೆಯಿತು. ಬಾಣವನ್ನು ತಲೆಕೆಳಗೆ ಮಾಡಿ ಮನೆಯ ಹೆಂಗಸರಿಗೆ ತ್ರಿಶೂಲ ಎಂದು ತೋರಿಸಿಕೊಟ್ಟ ಆಸಾಮಿ. ನಾವೋ, ನಾಲ್ಕು ತಲೆಮಾರು ಕಳ್ಳಮಾಲಿಗೆ ಕುಂಕುಮ ಹಚ್ಚಿದವರು. ನಾನೊಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟೆ, ಪಕ್ಕದವಳು ಸ್ವಲ್ಪ ಸರಿದು ಕೂತಳು. ಆಮೇಲೆ ಆ ಫೋಟೋದ ಹೆಂಗಸಿನ ಕಣ್ಣು ನೆನಪಾಗಿ ನಗು ನಿಂತಿತು. ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದೆ ನನ್ನ ನಿಲ್ದಾಣ ದಾಟಿ ಮುಂದಿನದರಲ್ಲಿ ಇಳಿದೆ.

ಆಯುಧಪೂಜೆಯ ದಿನ ಬೆಳಿಗ್ಗೆ ಮಿಂದು ಬಂದು ಮಗ್ಗಕ್ಕೆ ಸೇವಂತಿಗೆ ಮಾಲೆ ಹಾಕಿದೆ. ಹಾಸಿನ ಎಳೆ ಕಟ್ಟಿಯಾಗಿತ್ತು, ಲಾಳಿಗೆ ನೂಲು ತುಂಬಿಸಿಯಾಗಿತ್ತು. ಒದ್ದೆಬಟ್ಟೆಯಿಂದ ಗುರುತಿನ ಮೇಲಿನ ಕುಂಕುಮವನ್ನು ಒರೆಸಿದೆ. ದಪ್ಪಕ್ಕೆ ಕೂತಿತ್ತು, ಸುಲಭಕ್ಕೆ ಬಿಡಲಿಲ್ಲ. ಹೊಸ ಕುಂಕುಮ ಬೆರಳಿಗೆ ತೆಗೆದುಕೊಂಡೆ. ಆದರೆ ಹಚ್ಚುವುದು ಯಾವುದಕ್ಕೆ? ಬಾಣಕ್ಕಾ? ಕೈ ಮುಂದೆ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ವೀರಭದ್ರಾ, ನೀನಾದರೂ ಹೇಳು ಎಂದೆ.

ಸುಪ್ರೀತಾ ಸೀರೆಯುಟ್ಟು ಬಂದು ಹಲಗೆಯ ಹತ್ತಿರ ನಿಂತಳು. ಬಾಗಿಲಲ್ಲಿ ಅವಳ ತಾಯಿ.

"ಅಜ್ಜಿ, ಹೊದೆಸ್ತೀರಾ?"

"ಗೊತ್ತಿಲ್ಲ ಮಗಾ" ಎಂದೆ. ಈ ಮನೆಯಲ್ಲಿ ಆ ಮಾತು ನನ್ನ ಬಾಯಿಂದ ಅದೇ ಮೊದಲು ಬಂದದ್ದು. ಮಾಷ್ಟ್ರು ಹೇಳಿದ ಕಳ್ಳತನದ ಕತೆಯನ್ನು ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟು ಕಿಸಕ್ಕನೆ ನಕ್ಕಳು. ನಗು ಮುಗಿದ ಮೇಲೆ ಬಟ್ಟೆಯನ್ನೇ ನೋಡುತ್ತಾ ನಿಂತಳು.

"ಒಂದು ತುಂಡು ಕದ್ದರು ಅಜ್ಜಿ. ಉಳಿದದ್ದೆಲ್ಲ ಸಿಪಾಯಿಗಳಿಗೇ ಹೋಯ್ತಲ್ಲ."

ಹನ್ನೊಂದು ವರ್ಷದ ನೇಯ್ಗೆ ಎಷ್ಟು ಗಜವಾಗುತ್ತದೆ ಎಂದು ಅವಳಿಗೆ ಅಂದಾಜಿಲ್ಲ, ನನಗುಂಟು. ಅಷ್ಟೂ ಬಟ್ಟೆ ಆ ಫೋಟೋದ ಹೆಂಗಸಿನ ಮುಂದೆ ಸಾಲಾಗಿ ನಿಂತದ್ದು ನನಗೆ ಕಂಡಿತು. ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ.

ಸುಪ್ರೀತಾ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡಳು. ತಾನೇ ತಿರುಗಿಸಿ, ಬಾಣ ಬಾಣದ ಹಾಗೇ ಮೇಲ್ಮುಖವಾಗಿ ಎಲ್ಲರಿಗೂ ಕಾಣುವಂತೆ ಹೆಗಲಿಗೆ ಹಾಕಿಕೊಂಡಳು. "ಹೀಗಾದರೆ ಹೊದೆಯುತ್ತೇನೆ. ಕುಂಕುಮ ಬೇಡ" ಎಂದು ಹಲಗೆಯ ಮೇಲೆ ಕೂತು ಗುಂಡಿಗೆ ಕಾಲು ಇಳಿಬಿಟ್ಟಳು. ಬೆರಳ ತುದಿಯಲ್ಲಿ ಉಳಿದ ಕುಂಕುಮವನ್ನು ನಾನು ಅವಳ ಎರಡೂ ಅಂಗೈಗೆ ಹಚ್ಚಿದೆ.

"ಯಾರಿಗೆ ಅಂತ ಕೇಳಿಕೊಂಡು ನೇಯಿ ಮಗಾ" ಎಂದೆ. "ಅಜ್ಜನಿಗೆ ಹಾಗೆ ಕೇಳುವ ಅವಕಾಶ ಇರಲಿಲ್ಲ."

ಲಾಳಿ ಎರಡು ಸಲ ಸಿಕ್ಕಿಕೊಂಡಿತು, ಮೂರನೆಯ ಸಲ ದಾಟಿತು. ಬಾಗಿಲಲ್ಲಿದ್ದ ಮಗಳು ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಒಂದು ಗೇಣು ನೇಯುವಷ್ಟರಲ್ಲಿ ಮಧ್ಯಾಹ್ನವಾಯಿತು. ನೋಡಿದರೆ ಅಂಚು ಅಷ್ಟುದ್ದಕ್ಕೂ ಒಳಗೆ ಹೊರಗೆ ಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ಬಿಚ್ಚಿಸುತ್ತಿದ್ದೆ. ಅವತ್ತು ಬಿಚ್ಚು ಎನ್ನಲಿಲ್ಲ.