ಕೊಂಡಜ್ಜಿ ಕೆರೆಯ ಬಳಿ ಬೆನ್ನು ತಿರುಗಿಸಿ ನಿಂತವನು

ಎಲ್ಲಿಂದ ಶುರು ಮಾಡಲಿ?

ನಾನು ಪುರಾಣ ಕೇಳಿ ಬೆಳೆದವನು. ಶ್ರಾವಣ ಬಂತೆಂದರೆ ಸಂಜೆಯಾಗುತ್ತಲೇ ಮಠದ ಕಂಬಕ್ಕೆ ಒರಗಿ ಕೂತುಬಿಡುತ್ತಿದ್ದೆ. ಪುರಾಣಿಕರು ಕಥೆಗೆ ಕೈ ಹಾಕುವ ಮುನ್ನ ದೇವರನ್ನು ನೆನೆಯುವರು, ಗುರುವನ್ನು ನೆನೆಯುವರು, ಕೇಳುವವರನ್ನು ಹೊಗಳುವರು, ಕುಕವಿಗಳನ್ನು ಬೈಯುವರು. ಅಷ್ಟರಲ್ಲಿ ಅರ್ಧ ಸಭೆ ತೂಕಡಿಸುತ್ತಿತ್ತು. ನನಗೂ ಹಾಗೆಯೇ ಶುರು ಮಾಡುವ ಆಸೆ. ಆದರೆ ಈ ಕಥೆ ಒಂದು ಓಟದ್ದು, ಓಟ ಮುಗಿಯುವುದು ಹರಿಹರದ ಹೊಳೆದಂಡೆಯಲ್ಲಿ. ಅಲ್ಲಿಯ ದೇವರು ಅರ್ಧ ಹರಿ, ಅರ್ಧ ಹರ. ಯಾರನ್ನು ಮೊದಲು ನೆನೆದರೆ ಯಾರಿಗೆ ಬೇಸರವೋ ಎಂದು ಯೋಚಿಸುವುದರಲ್ಲೇ ಒಂದು ವಾರ ಹೋಯಿತು. (ಕುಕವಿ ನಿಂದೆ ಮಾತ್ರ ಸುಲಭ. ಎದುರಿಗೇ ಕನ್ನಡಿ ಇದೆ.)

1

'ಮಂಜು ಮುಸುಕಿದ ಆ ಮುಂಜಾನೆ...'

ಹೊಡೆದುಹಾಕಿದೆ. ಮಂಜು ಈ ಕಥೆಗೆ ಬೇಕೇ ಬೇಕು, ಆದರೆ ಮೊದಲ ಸಾಲಿಗೇ ಬಂದರೆ ಓದುಗರು ಸ್ವೆಟರ್ ಹುಡುಕಲು ಎದ್ದು ಹೋಗುತ್ತಾರೆ. ಆಮೇಲೆ ತರುತ್ತೇನೆ.

1 (ಎರಡನೇ ಸಲ)

ಬಕ್ಕೇಶನಿಂದ ಶುರುವಾಗಲಿ. ದಾವಣಗೆರೆಯಲ್ಲಿ ತಾತನ ಕಾಲದ ಬಟ್ಟೆ ಅಂಗಡಿ. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಕೂದಲು ಹಿಂದೆ ಸರಿದಿದೆ, ನಡಿಗೆ ಮಾತ್ರ ಇವತ್ತಿಗೂ ಓಟಗಾರನದು. ಅಂಗಡಿಯ ಮೆಟ್ಟಿಲಿಗೂ ಹಿಮ್ಮಡಿ ತಾಗಿಸದೆ ಹತ್ತುತ್ತಾನೆ.

ಅವನು ರವಿಕೆ ಬಟ್ಟೆ ಅಳೆಯುತ್ತಿದ್ದಾಗ ನಯನಾ ಬಂದಳು. ವಿದ್ಯಾನಗರದ ಕಾಲೇಜೊಂದರಲ್ಲಿ ಪಾಠ ಹೇಳುವ ಹುಡುಗಿ, ತೀರಿಕೊಂಡ ಶಿವಯೋಗಪ್ಪನವರ ಮೊಮ್ಮಗಳು.

"ಅಂಕಲ್, ಅಜ್ಜನ ರಿಲೇ ಮತ್ತೆ ಶುರು ಮಾಡ್ತಿದೀವಿ. ಅದೇ ರೂಟ್. ಮಾಯಕೊಂಡದಿಂದ ಹರಿಹರ. ಕೊನೇ ಲೆಗ್, ಕೊಂಡಜ್ಜಿ ಕೆರೆಯಿಂದ ಮುಂದಿಂದು, ನಿಮ್ದು."

"ನನ್ ಹೊಟ್ಟೆ ನೋಡಿ ಹೇಳ್ತಿದೀಯ, ಇಲ್ಲಾ ಮುಖ ನೋಡಿ ಹೇಳ್ತಿದೀಯ?"

"ಕಾಲು ನೋಡಿ."

ಬಕ್ಕೇಶ ನಕ್ಕ. ಆಮೇಲೆ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿ ಕೇಳಿದ: "ನನ್ ಮುಂಚಿನ ಲೆಗ್ ಯಾರ್ದು?"

"ಗುತ್ತೆಪ್ಪ ಅಂಕಲ್‌ದು. ನೀವು ಹೋಗಿ ಕೇಳ್ಬೇಕು."

ಇಲ್ಲಿ ಅವನ ಕೈಯಿಂದ ಕತ್ತರಿ ಬಿತ್ತು ಎಂದು ಬರೆದಿದ್ದೆ. ಬಕ್ಕೇಶ ತಲೆ ಎತ್ತಿ ನನ್ನನ್ನೇ ನೋಡಿದ. "ನಾನು ಕತ್ತರಿ ಕೆಳಗ್ ಹಾಕೋನಲ್ರಿ. ಕಟ್ ಪೀಸ್ ವ್ಯಾಪಾರ ನಮ್ದು." ಸರಿ, ಕತ್ತರಿ ಕೈಯಲ್ಲೇ ಇರಲಿ. ಆದರೆ ಬಟ್ಟೆ ಸೊಟ್ಟಗೆ ಕತ್ತರಿಸಿಹೋಯಿತು. ಅದನ್ನು ಅವನೂ ಅಲ್ಲಗಳೆಯಲಿಲ್ಲ.

2

ಈಗ ಶಿವಯೋಗಪ್ಪನವರ ಓಟದ ಬಳಗದ ಪದ್ಧತಿ ಹೇಳಬೇಕು. ಇದು ತಿಳಿಯದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ.

ಅವರು ಬೆಳಿಗ್ಗೆ ಹುಡುಗರನ್ನು ಓಡಿಸುತ್ತಿದ್ದರು, ಸಂಜೆ ಕಾವ್ಯ ಓದುತ್ತಿದ್ದರು. ಎರಡೂ ಬೇರೆ ಕೆಲಸವೆಂದು ಅವರಿಗೆ ಅನಿಸಿರಲೇ ಇಲ್ಲ. ರಿಲೇಯಲ್ಲಿ ಬೇರೆ ತಂಡದವರು ಕೈಯಿಂದ ಕೈಗೆ ಕೋಲು ಕೊಡುತ್ತಿದ್ದರೆ, ಇವರು ಪದ್ಯ ಕೊಡಿಸುತ್ತಿದ್ದರು. ಓಡಿ ಬರುವವನು ಮೊದಲರ್ಧವನ್ನು ಕೂಗಿ ಹೇಳಬೇಕು:

ತುಂಗಭದ್ರೆಯ ನೀರು ಕರೆದಿದೆ
ಅಂಗಿ ಬೆವರಲಿ ನೆನೆದು ನಡೆದಿದೆ
ಹಿಂಗದಿರು ನೀ ಹೆಜ್ಜೆ ಮುಂದಿಡು ಅಣ್ಣ ಬಂದೆನು ಬಾ

ಕಾದು ನಿಂತವನು ಉಳಿದರ್ಧವನ್ನು ಹೇಳುತ್ತಲೇ ಕಾಲು ಕೀಳಬೇಕು:

ಕಂಗಳಾಚೆಗೆ ದಾರಿ ಉಳಿದಿದೆ
ಹಂಗು ಯಾರದು? ಗಾಳಿ ಜೊತೆಗಿದೆ
ಸಂಗಡಿಗನೇ ನಿಲ್ಲು, ದಣಿವನು ನನಗೆ ಕೊಟ್ಟಿರು ನೀ

ಇನ್ನೂ ಒಂದು ನಿಯಮವಿತ್ತು. ಕಾಯುವವನು ಬೆನ್ನು ತಿರುಗಿಸಿಯೇ ನಿಲ್ಲಬೇಕು, ಹಿಂದಕ್ಕೆ ನೋಡಕೂಡದು. "ಹಿಂದೆ ನೋಡಿ ಓಡೋನು ಕಣ್ಣಿನ ಆಳು. ಕೇಳಿ ಓಡೋನು ಗೆಳೆಯ" ಎನ್ನುತ್ತಿದ್ದರು. ಬೇರೆ ಕ್ಲಬ್ಬಿನವರು "ಭಜನಾ ಮಂಡಳಿ ಬಂತಪೋ" ಎಂದು ಆಡಿಕೊಳ್ಳುತ್ತಿದ್ದರು. ಹಾಗೆ ಆಡಿಕೊಂಡವರು ಹರಿಹರ ತಲುಪುವ ಹೊತ್ತಿಗೆ ಭಜನಾ ಮಂಡಳಿ ಹೊಳೆಯಲ್ಲಿ ಮುಖ ತೊಳೆದು ಮಂಡಕ್ಕಿ ತಿನ್ನುತ್ತಿರುತ್ತಿತ್ತು.

(ನಾನು ಈ ಬಳಗದಲ್ಲಿ ಓಡಿದವನಲ್ಲ, ಕೇಳಿದವನು. ಚಳಿಗಾಲದ ಬೆಳಗಿನಲ್ಲಿ ಹಾಸಿಗೆಯಲ್ಲಿದ್ದಾಗಲೇ ರಸ್ತೆಯ ಆ ತುದಿಯಿಂದ ಒಂದು ದನಿ, ಈ ತುದಿಯಿಂದ ಇನ್ನೊಂದು. ಪದ್ಯ ನಮ್ಮ ಮನೆಯ ಎದುರು ಕೂಡಿಕೊಂಡು ಮುಂದೆ ಹೋಗುತ್ತಿತ್ತು. ಓಟವೆಂದರೆ ನನಗೆ ಇವತ್ತಿಗೂ ಕಾಲಿನ ಸದ್ದಲ್ಲ.)

3

ಮಂಜು ಬರಲಿ ಈಗ.

ಎಷ್ಟೋ ವರ್ಷಗಳ ಹಿಂದಿನ ಆ ಓಟದಲ್ಲಿ ದಾವಣಗೆರೆಯಿಂದ ಕೊಂಡಜ್ಜಿಗೆ ಓಡುತ್ತಿದ್ದವನು ಮಾಯಕೊಂಡದ ಗುತ್ತೆಪ್ಪ. ಹೊಲದವನು, ಬರಿಗಾಲಿನವನು, ಒರಟು ಕಂಠದವನು. ಕೊಂಡಜ್ಜಿ ಕೆರೆಯ ಬಳಿ ಬೆನ್ನು ತಿರುಗಿಸಿ ನಿಂತಿದ್ದವನು ಬಕ್ಕೇಶ. ಇಬ್ಬರೂ ಎಂಥ ಜೋಡಿಯೆಂದರೆ ಒಬ್ಬನಿಗೆ ಕೆಮ್ಮು ಬಂದರೆ ಇನ್ನೊಬ್ಬ ನೀರು ಕುಡಿಯುತ್ತಿದ್ದ. ಆ ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಕ್ಕೇಶನಿಗೆ ತನ್ನ ಶೂ ಕಾಣುತ್ತಿರಲಿಲ್ಲ. ಹಿಂದಿನಿಂದ ದನಿ ಬಂತು, ಒರಟಾಗಿ, ಉಸಿರು ಬಿಗಿಹಿಡಿದು: ತುಂಗಭದ್ರೆಯ ನೀರು ಕರೆದಿದೆ... ಬಕ್ಕೇಶ ಉಳಿದರ್ಧ ಹೇಳಿದ, ಬಾಣದಂತೆ ಹೊರಟ.

ಹೇಳಿದವನು ಗುತ್ತೆಪ್ಪನಲ್ಲ. ಓಬಯ್ಯ.

ಕೆರೆಯಲ್ಲಿ ದಿನಾ ಎಮ್ಮೆ ತೊಳೆಯುತ್ತಿದ್ದ ಓಬಯ್ಯನಿಗೆ ಇವರ ಅಭ್ಯಾಸ ಕೇಳಿ ಕೇಳಿ ಪದ್ಯ ಬಾಯಿಗೆ ಬಂದಿತ್ತು. "ಚಂದ ಐತ್ರಿ ಪದ" ಎಂದನಂತೆ ಆಮೇಲೆ, ಕೇಳಿದವರಿಗೆ. "ಎಮ್ಮಿ ಬೆನ್ನು ತಿಕ್ಕಾಕ ಭಾಳ ಒಗ್ಗುತೈತಿ."

ಗುತ್ತೆಪ್ಪ ಮಂಜಿನಿಂದ ಹೊರಬಂದು ಪದ್ಯ ಕೂಗಿದ. ಉತ್ತರ ಕೊಡುವವರೇ ಇರಲಿಲ್ಲ. ಅವನು ಅಲ್ಲೇ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಹರಿಹರದವರೆಗೂ ಬಕ್ಕೇಶನ ಹಿಂದೆ ಓಡಿದ, ಪದ್ಯ ಕೂಗುತ್ತಲೇ ಓಡಿದ. ನಿಯಮಕ್ಕೆ ಕಟ್ಟುಬಿದ್ದ ಬಕ್ಕೇಶ ಒಮ್ಮೆಯೂ ತಿರುಗಿ ನೋಡಲಿಲ್ಲ. ಹಿಂದಿನಿಂದ ಬರುತ್ತಿದ್ದ ದನಿಯನ್ನು ಹುರುಪು ತುಂಬುವ ಜನರದೆಂದು ತಿಳಿದ.

ಹಿಂದಿನವನು ಮುಟ್ಟುವ ಮುಂಚೆಯೇ ಬಕ್ಕೇಶ ಹೊರಟದ್ದಕ್ಕೆ ಹರಿಹರದ ಸೇತುವೆಯ ಬಳಿ ತಂಡವನ್ನು ಓಟದಿಂದ ಕೈಬಿಟ್ಟರು. ಅದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಓಬಯ್ಯನ ಸುದ್ದಿ ಕೇಳಿ ಶಿವಯೋಗಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಾವು ಕಟ್ಟಿದ ಪದ್ಯ ಎಮ್ಮೆ ತೊಳೆಯುವವನ ಬಾಯಿಗೂ ಹತ್ತಿದೆಯೆಂದು ಅವರ ಕಣ್ಣು ತುಂಬಿ ಬಂತು. ಕವಿ ಗೆದ್ದ, ಕೋಚ್ ಸೋತ. ಆ ನಗುವಿನ ನಡುವೆ ಗುತ್ತೆಪ್ಪ ರಕ್ತ ಒಸರುವ ಪಾದದಲ್ಲಿ ಬಂದು ನಿಂತು ಬಕ್ಕೇಶನಿಗೆ ಒಂದೇ ಮಾತು ಹೇಳಿದ:

"ಇಷ್ಟ್ ವರ್ಷ ಆದಮ್ಯಾಲೂ ನನ್ ದನಿ ನಿನಗ ಗುರ್ತು ಸಿಗಲಿಲ್ಲಲ್ಲೋ."

ಅದೇ ಕೊನೆ. ಆಮೇಲೆ ಬಕ್ಕೇಶನಿಗೆ ಆ ದನಿ ಕೇಳಲು ಸಿಗಲಿಲ್ಲ. ಈ ಕಥೆಯಲ್ಲಿ ಕಪ್, ಪದಕ ಏನೂ ಇಲ್ಲ. ಆ ಮನುಷ್ಯ ಮತ್ತೆ ಅದೇ ಜಾಗದಲ್ಲಿ ಬಾಯಿ ಬಿಡುತ್ತಾನೋ ಇಲ್ಲವೋ ಎಂಬುದಷ್ಟೇ ಇದೆ.

4

ಈಗ ಬಕ್ಕೇಶನಿಗೆ ಕಿವಿ ಮಂದವಾಗಿದೆ ಎಂದು ಒಂದು ಪ್ಯಾರಾ ಬರೆದೆ. ಕಿವಿಗೆ ಮಷಿನ್, ಅದರ ಬ್ಯಾಟರಿ, ಓಟದ ದಿನವೇ ಅದು ಕೈಕೊಡುವುದು... ಬಹಳ ಕಲಾತ್ಮಕವಾಗಿತ್ತು.

"ಏನ್ರೀ ಇದು?" ಎಂದ ಬಕ್ಕೇಶ. "ನನ್ ಕಿವಿ ಚಲೋ ಐತೆ. ನಿಮ್ ಕಥೆ ಚಂದ ಆಗ್ಲಿ ಅಂತ ನನ್ ಕಿವಿ ಯಾಕ ಕೆಡಸ್ತೀರಿ?"

"ದುಃಖ ಸ್ವಲ್ಪ ಜಾಸ್ತಿ ಆಗಲಿ ಅಂತ..."

"ಕಿವಿ ಚಲೋ ಇದ್ದೂ ಗುರ್ತು ಹಿಡೀಲಿಲ್ಲ ನಾನು. ಅದು ಸಾಲದಾ?"

ಸಾಲುತ್ತದೆ. ಪ್ಯಾರಾ ಹರಿದೆ.

5

ಬಕ್ಕೇಶ ಸ್ಕೂಟರ್ ಹತ್ತಿ ಮಾಯಕೊಂಡಕ್ಕೆ ಹೋದ. ದಾರಿಯ ವರ್ಣನೆ ಬಿಟ್ಟಿದ್ದೇನೆ. ಅವನು ದಾರಿ ನೋಡಲಿಲ್ಲ, ಹೇಳಬೇಕಾದ ಮಾತನ್ನು ಹೆಲ್ಮೆಟ್ಟಿನೊಳಗೇ ಹತ್ತಾರು ಬಗೆಯಲ್ಲಿ ಹೇಳಿಕೊಳ್ಳುತ್ತಿದ್ದ.

ಬಾಗಿಲಲ್ಲಿ ಗುತ್ತೆಪ್ಪನ ಹೆಂಡತಿ ಕೊಟ್ರವ್ವ ಮೆಕ್ಕೆಜೋಳ ಬಿಡಿಸುತ್ತಿದ್ದಳು.

"ಓಹೋ, ಸೌಕಾರ್ರು! ದಾರಿ ತಪ್ಪಿ ಬಂದ್ರೋ, ದಾರಿ ಸಿಕ್ಕು ಬಂದ್ರೋ? ಬರ್ರಿ, ಕೂಡ್ರಿ."

ಗುತ್ತೆಪ್ಪ ಒಳಗಿನಿಂದ ಬಂದು ಕಂಬಕ್ಕೆ ಒರಗಿ ಕೂತ. ಮೀಸೆ ಬೆಳ್ಳಗಾಗಿತ್ತು, ಮೈಯಲ್ಲಿ ಒಂದು ಗುಂಜಿ ಹೆಚ್ಚಿಗೆ ಮಾಂಸವಿರಲಿಲ್ಲ. ಅವನ ಬಾಯಿ ಹೆಂಡತಿಯ ಕಿವಿಗೆ ಬಗ್ಗಿತು. ಕೊಟ್ರವ್ವ ಅದನ್ನೇ ಊರಿಗೆ ಕೇಳುವಂತೆ ಹೇಳಿದಳು:

"ಚಾ ಕುಡೀತಾರಂತೇನು ಕೇಳು ಅಂತಾನ."

"ಕುಡೀತೀನಿ ಅಂತ ಹೇಳವ್ವ" ಎಂದ ಬಕ್ಕೇಶ. "ಮತ್ತ ಈ ಭಾನುವಾರ ರಿಲೇ ಐತೆ, ಕೊಂಡಜ್ಜಿ ಕೆರಿ ಹತ್ರ ನಿಂತಿರ್ತೀನಿ ಅಂತಾನೂ ಹೇಳು. ಹಿಂದಿನ ತರಾನೇ. ಬೆನ್ ತಿರುಗ್ಸಿ."

ಗುತ್ತೆಪ್ಪ ಮತ್ತೆ ಬಗ್ಗಿದ. ಈ ಸಲ ಕೊಟ್ರವ್ವ ದನಿ ತಗ್ಗಿಸಿ ಹೇಳಿದಳು.

"ಆ ಕೆರಿ ಹತ್ರ ಪದ ಹೇಳಾಕ ಬ್ಯಾರೆ ಮಂದಿ ಅದಾರ ಅಂತ."

ಬಕ್ಕೇಶ ಹೆಲ್ಮೆಟ್ಟಿನ ಪಟ್ಟಿಯನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದ. ಕೊಟ್ರವ್ವ ಜೋಳದ ತೆನೆಯನ್ನು ಮೊರಕ್ಕೆ ಕುಕ್ಕಿದಳು. "ನಾನೇನ್ ಪೋಸ್ಟಾಫೀಸಾ? ಇಬ್ರಿಗೂ ನಾಲಿಗಿ ಇಲ್ಲ? ಮೊಮ್ಮಕ್ಕಳನ್ನ ಕಂಡ ಮಂದಿ ಎಳೇ ಹುಡುಗ್ರಂಗ 'ಟೂ' ಬಿಟ್ಕೊಂಡು ಕುಂತಾವ!"

ಚಹಾ ಮುಗಿಯಿತು. ಬಕ್ಕೇಶ ಹೊರಟಾಗ ಅವಳು ಸ್ಕೂಟರ್‌ವರೆಗೂ ಬಂದಳು.

"ದಿನಾ ಮುಂಜಾನಿ ಓಡ್ತಾನ. ಒಬ್ಬನೇ. ಬಾಯಿ ಮಾತ್ರ ಬಿಡಂಗಿಲ್ಲ. ಪದ ಬಂತಂದ್ರ ತುಟಿ ಕಚ್ಕೊಂತಾನ, ನಾ ನೋಡೀನಿ." ಸೀಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಹೇಳಿದಳು, "ಬರ್ತಾನೋ ಇಲ್ಲೋ ನಾ ಹೇಳಲ್ಲಪ್ಪ. ನೀ ಮಾತ್ರ ನಿಂತಿರು."

6

ಮುಕ್ತಾಯಕ್ಕೆ ಬಂದೆವು. ಅಂದರೆ ತೊಂದರೆಗೆ ಬಂದೆವು.

ಮುಕ್ತಾಯ ಒಂದು: ಗುತ್ತೆಪ್ಪ ಮಂಜು ಸೀಳಿಕೊಂಡು ಬರುತ್ತಾನೆ, ಪದ್ಯ ಮೊಳಗುತ್ತದೆ, ಬಕ್ಕೇಶ ಅಳುತ್ತಾ ಓಡುತ್ತಾನೆ, ಹರಿಹರದಲ್ಲಿ ಸೂರ್ಯ ಹುಟ್ಟುತ್ತಾನೆ. ಬರೆದ ಮೇಲೆ ಓದಿದೆ. ಸಂಜೆ ಏಳರ ಧಾರಾವಾಹಿ. ಬೇಡ.

ಮುಕ್ತಾಯ ಎರಡು: ಗುತ್ತೆಪ್ಪ ಬರುವುದೇ ಇಲ್ಲ. ಅವನ ಲೆಗ್ಗನ್ನು ನಯನಾ ಓಡುತ್ತಾಳೆ, ಪದ್ಯ ಅಜ್ಜನಿಂದ ಮೊಮ್ಮಗಳಿಗೆ ಬರುತ್ತದೆ. ಗಂಭೀರ, ಪರಂಪರೆ ಗಿರಂಪರೆ ಎಲ್ಲಾ ಇದೆ. ಆದರೆ ಕೊಟ್ರವ್ವ ಮೊರ ಹಿಡಿದುಕೊಂಡೇ ಪುಟದೊಳಗೆ ನುಗ್ಗಿದಳು: "ಬರದಂಗ ಮಾಡ್ತೀಯಾ ನನ್ ಗಂಡನ್ನ? ನಿನ್ನೆ ಬಸ್ ಹತ್ತಿ ಹೋಗಿ ಶೂ ತಂದಾನ. ಹುಟ್ಟಿದಾಗಿಂದ ಶೂ ಕಾಣದ ಕಾಲು! ರಾತ್ರೆಲ್ಲ ಅದನ್ನ ಮಗ್ಗಲಾಗ ಇಟ್ಕೊಂಡು ಮಲ್ಗ್ಯಾನ. ನೀ ಬರ್ಯದು ಬ್ಯಾಡ, ಮುಚ್ಚು." ಮುಚ್ಚಿದೆ.

ಮುಕ್ತಾಯ ಮೂರು: ಮತ್ತೆ ಓಬಯ್ಯ ಕೆರೆಗೆ ಇಳಿಯುತ್ತಾನೆ, ಮತ್ತೆ ಪದ್ಯ ಹೇಳುತ್ತಾನೆ, ಈ ಸಲ ಬಕ್ಕೇಶ ಕದಲುವುದಿಲ್ಲ. ಎಷ್ಟು ಚೆನ್ನಾಗಿ ಕೂಡಿಕೊಳ್ಳುತ್ತದೆ ಎಂದು ನಾನೇ ಬೀಗಿದೆ. ನಯನಾ ಫೋನ್ ಮಾಡಿದಳು. "ಸರ್, ಓಬಯ್ಯಜ್ಜ ಹೋಗಿ ಭಾಳ ವರ್ಷ ಆಯ್ತು." ಆ ಮುಕ್ತಾಯವನ್ನೂ ಹೊಡೆದುಹಾಕಿದೆ. ಹೋದವರನ್ನು ಕಥೆಯ ಅನುಕೂಲಕ್ಕೆಂದು ತಣ್ಣೀರಿಗೆ ಇಳಿಸಬಾರದು.

7

ಭಾನುವಾರ. ಮಂಜು ಇರಲಿಲ್ಲ. (ನಾನು ತರಬಹುದಿತ್ತು. ತರಲಿಲ್ಲ.) ತಿಳಿಯಾದ ಬೆಳಕು, ಕೆರೆಯ ಮೇಲೆ ಕೊಕ್ಕರೆಗಳು, ತರಬೇತಿ ಮೈದಾನದಲ್ಲಿ ಸ್ಕೌಟ್ ಮಕ್ಕಳ ಸೀಟಿ. ಬಕ್ಕೇಶ ಹರಿಹರದ ಕಡೆಗೆ ಮುಖ ಮಾಡಿ ನಿಂತಿದ್ದಾನೆ. ತಿರುಗಿದರೆ ಎಲ್ಲಾ ಕಾಣುತ್ತದೆ, ತಿರುಗುವುದಿಲ್ಲ. ಪಕ್ಕದಲ್ಲಿ ನಯನಾ, ಕೈಯಲ್ಲಿ ಫೋನು. ಉಳಿದ ತಂಡಗಳ ಓಟಗಾರರು ಒಬ್ಬೊಬ್ಬರಾಗಿ ಬಂದು, ಕೋಲು ಕೊಟ್ಟು, ಮುಂದಿನವರನ್ನು ಕಳಿಸಿ, ಹುಲ್ಲಿನ ಮೇಲೆ ಉರುಳುತ್ತಿದ್ದಾರೆ.

ಆಮೇಲೆ ಒಂದು ಹೆಜ್ಜೆಯ ಸದ್ದು. ಭಾರವಾಗಿ, ಸ್ವಲ್ಪ ಎಡವಟ್ಟಾಗಿ. ಹೊಸ ಶೂ ಕಚ್ಚುತ್ತಿರಬೇಕು. ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಪದ್ಯ ಹೇಳಬೇಕಾದ ಜಾಗ ಬಂತು, ದಾಟಿತು. ಪದ್ಯ ಬರಲಿಲ್ಲ. ಹೆಜ್ಜೆ ಬಕ್ಕೇಶನ ಬೆನ್ನಿಗೆ ಬಂದು ನಿಂತಿತು. ಬಿಸಿಯುಸಿರು ಅವನ ಕತ್ತಿಗೆ ತಾಗುತ್ತಿದೆ.

"ಅಂಕಲ್, ಬಂದ್ರಲ್ಲ, ಓಡಿ!" ಎಂದಳು ನಯನಾ.

ಬಕ್ಕೇಶ ಓಡಲಿಲ್ಲ. ತಿರುಗಲೂ ಇಲ್ಲ. ಹಿಂದಿನವನು ಉಸಿರು ಸುಧಾರಿಸಿಕೊಳ್ಳುತ್ತಿದ್ದ, ಅಥವಾ ತುಟಿ ಕಚ್ಚಿಕೊಂಡಿದ್ದ. ಕೊಕ್ಕರೆಯೊಂದು ಎದ್ದು ಹಾರಿ ಮತ್ತೆ ಕೂತಿತು.

"ಲೇ ಬಕ್ಯಾ."

ಪದ್ಯವಲ್ಲ, ಬರೀ ಮಾತು. ಒರಟು, ಮುದಿಯಾದ, ಬಳಸದೆ ತುಕ್ಕು ಹಿಡಿದ ದನಿ.

"ಯಾರ್ ಬಂದಾರ ಹೇಳು ನೋಡಾನ."

ಬಕ್ಕೇಶನ ಭುಜ ಅಲುಗಾಡಿತು. ನಗುವೋ ಇನ್ನೊಂದೋ, ಬೆನ್ನ ಕಡೆಯಿಂದ ಗೊತ್ತಾಗುವಂಥದ್ದಲ್ಲ.

"ಗುರ್ತು ಸಿಗವಲ್ದು" ಎಂದ. "ಇನ್ನೊಂದ್ ಸಲ ಹೇಳು."

"ನಿನ್ನಜ್ಜಿ ತಲಿ! ಬೇಕಂತ ಮಾಡ್ತೀಯಲ್ಲ?"

"ಹೂಂ. ಇನ್ನೂ ಸ್ವಲ್ಪ ಬೈ."

ಗುತ್ತೆಪ್ಪ ಬೈದ. ಅಂಗಡಿಯನ್ನು ಬೈದ, ಹೊಟ್ಟೆಯನ್ನು ಬೈದ, ಕಚ್ಚುವ ಶೂವನ್ನು ಬೈದ. ಎಷ್ಟೋ ವರ್ಷ ಹೆಂಡತಿಯ ಕಿವಿಗೆ ಮಾತ್ರ ಬಗ್ಗಿದ ಬಾಯಿ ನಿಲ್ಲುವಂತೆ ಕಾಣಲಿಲ್ಲ. ಕೊನೆಯ ತಂಡವೂ ಬಂದು, ಕೋಲು ಕೊಟ್ಟು, ಹೊರಟಿತು. "ಅಂಕಲ್, ಟೈಮ್!" ಎಂದು ನಯನಾ ಫೋನ್ ಹಿಡಿದು ಕುಣಿಯುತ್ತಿದ್ದಾಳೆ.

ನನಗೂ ಅವಸರ. ಓದುಗರು ಕಾಯುತ್ತಿದ್ದಾರೆ, ಹರಿಹರದಲ್ಲಿ ಹೊಳೆ ಕಾಯುತ್ತಿದೆ, ಒಂದು ವಾಕ್ಯ ಬರೆದರೆ ಓಟ ಮುಗಿಯುತ್ತದೆ. ಬಗ್ಗಿ ಮೆಲ್ಲಗೆ ಹೇಳಿದೆ, "ಬಕ್ಕೇಶ್, ಓಡ್ರಿ. ಕಥೆ ಮುಗೀಬೇಕು."

ಅವನು ಕೈ ಹಿಂದೆ ಮಾಡಿ ನನ್ನನ್ನು ತಡೆದ.

"ಸುಮ್ಕಿರ್ರಿ. ಕೇಳ್ತಿದೀನಿ."