ಮೂವತ್ತು ಮೀಟರಿಗೆ ಇಳಿಯುವ ಮುನ್ನ

ನಾನು ಒಂದು ಗಾಳಿಮಾಪಕ. ಸಮುದ್ರದಲ್ಲಿ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಇನ್ನೆಷ್ಟು ಗಾಳಿ ಉಳಿದಿದೆ ಎಂದು ತೋರಿಸುವುದು ನನ್ನ ಕೆಲಸ. ಗಾತ್ರದಲ್ಲಿ ಅಂಗೈಯಷ್ಟೂ ಇಲ್ಲ. ಆದರೆ ನೀರಿಗಿಳಿದ ಮೇಲೆ ಎಂಥ ದೊಡ್ಡ ಮನುಷ್ಯನೂ ಮತ್ತೆ ಮತ್ತೆ ನನ್ನ ಮುಖ ನೋಡಲೇಬೇಕು. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡಿ.

ನಾನು ಹುಟ್ಟಿದ್ದು ದೂರದ ಇಟಲಿಯ ಒಂದು ಕಾರ್ಖಾನೆಯಲ್ಲಿ. ನನ್ನ ಹೊಟ್ಟೆಯಲ್ಲಿ ಬಾಗಿದ ಒಂದು ಹಿತ್ತಾಳೆ ಕೊಳವೆಯಿದೆ. ಗಾಳಿ ನುಗ್ಗಿದಾಗ ಅದು ನೆಟ್ಟಗಾಗಲು ನೋಡುತ್ತದೆ, ನನ್ನ ಮುಳ್ಳು ಏರುತ್ತದೆ. ಗಾಳಿ ಖರ್ಚಾದಂತೆ ಮುಳ್ಳು ಇಳಿಯುತ್ತದೆ. ಇನ್ನೂರು ಎಂದರೆ ತುಂಬಿದ ಸಿಲಿಂಡರು, ಐವತ್ತರಿಂದ ಕೆಳಗೆ ಕೆಂಪು ಪಟ್ಟಿ. ಮುಳ್ಳು ಕೆಂಪಿಗೆ ಬೀಳುವುದರೊಳಗೆ ಮೇಲೆ ಬಂದಿರಬೇಕು. ನೋಡುವವರಿಗೆ ಕಾಣುವುದು ಇಷ್ಟೇ. ಆದರೆ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವರು ಒಂದೊಂದು ಸಲ ಉಸಿರೆಳೆದಾಗಲೂ ನನ್ನ ಕೊಳವೆ ಕೂದಲೆಳೆಯಷ್ಟು ಅದಿರುತ್ತದೆ. ಹೊರಗಿನವರ ಕಣ್ಣಿಗೆ ಅದು ಬೀಳದು. ಯಾರು ಹೆದರಿದ್ದಾರೆ, ಯಾರು ಹಾಯಾಗಿದ್ದಾರೆ ಎಂದು ನನಗೆ ಮಾತ್ರ ತಿಳಿಯುತ್ತದೆ.

ನನ್ನ ಮೊದಲ ಧಣಿ ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ವಿರೂಪಾಕ್ಷ ಮಟ್ಟಿ. ಮುರುಡೇಶ್ವರದ ಡೈವಿಂಗ್ ಶಾಲೆಗೆ ಸೋಮವಾರ ಬಂದರು, ಗುರುವಾರದ ಹೊತ್ತಿಗೆ ಮೊದಲ ಕೋರ್ಸ್ ಮುಗಿಸಿ ಹದಿನೆಂಟು ಮೀಟರಿನವರೆಗೆ ಇಳಿಯುವ ಕಾರ್ಡು ಪಡೆದರು. ಶುಕ್ರವಾರವೇ ಅಡ್ವಾನ್ಸ್ಡ್ ಕೋರ್ಸಿಗೆ ಹೆಸರು ಬರೆಸಿದರು. ಅದು ಮುಗಿದರೆ ಮೂವತ್ತು ಮೀಟರಿಗೆ ಇಳಿಯಬಹುದು. ಮೊದಲ ಕಾರ್ಡಿದ್ದವರು ಮರುದಿನವೇ ಸೇರಬಹುದು, ನಿಯಮ ಅಡ್ಡ ಬರುವುದಿಲ್ಲ. ನೇತ್ರಾಣಿ ದ್ವೀಪದ ಪಕ್ಕ ಇಪ್ಪತ್ತೆಂಟು ಮೀಟರಿನಲ್ಲಿ ಒಂದು ಭಾರೀ ಮೀನು ಎದುರಾಯಿತು. ಡಾಕ್ಟರು ಅದರ ಬಾಯಿ ನೋಡುತ್ತ ಮೈಮರೆತರು. ಹಲ್ಲು ಎಣಿಸುತ್ತಿದ್ದರೋ ಏನೋ. ನನ್ನ ಮುಳ್ಳು ಕೆಂಪಿಗೆ ಬಿತ್ತು, ಅವರು ನನ್ನತ್ತ ಕಣ್ಣು ಹಾಯಿಸಲಿಲ್ಲ. ಶಾಲೆಯ ಗುರು ಇನಾಸ್ ಫರ್ನಾಂಡಿಸ್ ನೋಡಿ ಧಾವಿಸಿ ಬಂದು, ತಮ್ಮ ಸಿಲಿಂಡರಿನ ಎರಡನೆಯ ಕೊಳವೆಯನ್ನು ಅವರ ಬಾಯಿಗಿಟ್ಟು ಮೇಲೆ ಕರೆತಂದರು. ಡಾಕ್ಟರು ದಡ ಸೇರಿದವರೇ, "ನನಗ ದಂಡೀನ ಸಾಕ್ರಿ ಸರ್" ಎಂದು ನನ್ನನ್ನೂ ಉಳಿದ ಸಾಮಾನನ್ನೂ ಶಾಲೆಗೇ ಬಿಟ್ಟು ಹೊರಟುಹೋದರು.

ಅಲ್ಲಿಂದ ಮುಂದೆ ನಾನು ಬಂದುಹೋಗುವ ನೂರಾರು ಜನರ ಸೊಂಟದಲ್ಲಿ ತೂಗಾಡಿದೆ. ಕೊನೆಗೆ ಮೋಹಿನಿ ಹರಿಕಂತ್ರಳ ಪಾಲಿಗೆ ಬಂದೆ. ನನ್ನ ಬದುಕಿನ ನಿಜವಾದ ಸುಗ್ಗಿ ಶುರುವಾದದ್ದೇ ಆಗ.

ಮೋಹಿನಿ ಅದೇ ಊರಿನ ಹುಡುಗಿ, ಇಪ್ಪತ್ತೆರಡು ವರ್ಷ. ಅವಳ ಅಪ್ಪ ಜಟ್ಟಪ್ಪ ಶಾಲೆಯ ದೋಣಿ ನಡೆಸುತ್ತಿದ್ದ. ಪ್ರಾಯದಲ್ಲಿ ಅವನು ಬರೀ ಉಸಿರು ಬಿಗಿಹಿಡಿದು ಮುಳುಗಿ ಬಂಡೆಗಂಟಿದ ಚಿಪ್ಪು ಕೀಳುತ್ತಿದ್ದವನು. ಮಗಳಿಗೂ ಏಳನೇ ವಯಸ್ಸಿನಲ್ಲೇ ಅದನ್ನು ಕಲಿಸಿದ್ದ. ಉಸಿರು ಹಿಡಿ, ಮನಸ್ಸಿನಲ್ಲೇ ಎಣಿಸು, ಎದೆ ಒದ್ದರೂ ಬಿಡಬೇಡ. ಆ ಮನೆಯಲ್ಲಿ ಉಸಿರು ಹಿಡಿಯುವುದೇ ಒಂದು ಪದವಿ.

ದೋಣಿಯಲ್ಲೊಂದು ರೂಢಿಯಿತ್ತು. ಮೇಲೆ ಬಂದವರೆಲ್ಲ ತಮ್ಮ ಮುಳ್ಳು ಎಲ್ಲಿ ನಿಂತಿದೆ ಎಂದು ಗಟ್ಟಿಯಾಗಿ ಹೇಳಬೇಕು. ಹೆಚ್ಚು ಗಾಳಿ ಉಳಿಸಿದವರಿಗೆ ಜಟ್ಟಪ್ಪ ಮೊದಲ ಲೋಟ ಚಹಾ ಕೊಡುತ್ತಿದ್ದ. ಉಳಿದವರು ಎಪ್ಪತ್ತು, ಅರವತ್ತು ಎನ್ನುವಾಗ ಮೋಹಿನಿ ನೂರಿಪ್ಪತ್ತು ಎನ್ನುತ್ತಿದ್ದಳು. ಇಪ್ಪತ್ತಮೂರು ಸಲ ಮುಳುಗಿದಳು, ಇಪ್ಪತ್ತಮೂರು ಸಲವೂ ಮೊದಲ ಲೋಟ ಅವಳದೇ. ಜಟ್ಟಪ್ಪನ ಎದೆ ಉಬ್ಬುತ್ತಿತ್ತು. ಇಷ್ಟು ಕಡಿಮೆ ಗಾಳಿ ಸಾಕಾಗುವವಳು ಆಳಕ್ಕೆ ತಯಾರು ಎಂದು ಇನಾಸರೂ ನಂಬಿದರು. ಮೇ ತಿಂಗಳ ಕೊನೆಯ ಶುಕ್ರವಾರ ಅಡ್ವಾನ್ಸ್ಡ್ ಕೋರ್ಸಿನ ಆಳದ ಡೈವು ಎಂದು ಗೊತ್ತುಮಾಡಿದರು. ಅದಾದ ಮೇಲೆ ಮಳೆಗಾಲಕ್ಕೆ ಸಮುದ್ರ ಕಟ್ಟುತ್ತದೆ, ಮತ್ತೆ ಇಳಿಯುವುದು ಅಕ್ಟೋಬರಿನಲ್ಲೇ. ಅಷ್ಟರೊಳಗೆ ಆ ಎರಡನೆಯ ಕಾರ್ಡು ಕೈಗೆ ಬಂದರೆ ಮುಂದಿನ ಹಂಗಾಮಿಗೆ ಅವಳನ್ನೇ ಗೈಡ್ ತರಬೇತಿಗೆ ತೆಗೆದುಕೊಳ್ಳುವುದಾಗಿ ಶಾಲೆ ಮಾತು ಕೊಟ್ಟಿತ್ತು. ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನನಗೂ ಮೂವತ್ತು ಮೀಟರು ನೋಡುವ ಆಸೆ, ಸುಳ್ಳು ಯಾಕೆ ಹೇಳಲಿ?

ಆದರೆ ನನಗೊಂದು ಸಂಗತಿ ಗೊತ್ತಿತ್ತು. ಅವಳು ಒಮ್ಮೆ ಉಸಿರೆಳೆದರೆ ನನ್ನ ಕೊಳವೆ ಅದಿರುತ್ತಿತ್ತು. ಆಮೇಲೆ ಸುಮ್ಮನೆ. ಐದು ಎಣಿಸಿದೆ, ಹತ್ತು ಎಣಿಸಿದೆ, ಹದಿನಾಲ್ಕು ಎಣಿಸಿದೆ. ಮತ್ತೊಮ್ಮೆ ಅದಿರುವಷ್ಟರಲ್ಲಿ ನನ್ನ ಜೀವವೇ ಬಾಯಿಗೆ ಬರುತ್ತಿತ್ತು. ಅವಳು ಸಿಲಿಂಡರು ಹೊತ್ತೂ ಚಿಪ್ಪು ಕೀಳುವವಳ ಹಾಗೆ ಉಸಿರು ಹಿಡಿಯುತ್ತಿದ್ದಳು. ಈ ವಿದ್ಯೆಯಲ್ಲಿ ಮೊದಲ ದಿನ ಹೇಳಿಕೊಡುವ ಪಾಠವೇ ಉಸಿರು ನಿಲ್ಲಿಸಬೇಡ ಎಂದು. ನಿಲ್ಲಿಸಿದರೆ ಕೆಟ್ಟ ಗಾಳಿ ಮೈಯಲ್ಲೇ ಉಳಿದು ತಲೆ ಸಿಡಿಯುತ್ತದೆ. ಆಳಕ್ಕೆ ಹೋದಷ್ಟೂ ಮಂಕು ಕವಿಯುತ್ತದೆ, ಎಚ್ಚರ ತಪ್ಪಲೂಬಹುದು. ಹಿಡಿದ ಉಸಿರಿನಲ್ಲೇ ಮೇಲೇರಿದರಂತೂ ಪುಪ್ಪುಸ ಹರಿಯುತ್ತದೆ. ನನಗೆ ಬಾಯಿಲ್ಲ. ಇರುವುದು ಒಂದು ಮುಳ್ಳು, ಅದೂ ನೂರಿಪ್ಪತ್ತು ತೋರಿಸುತ್ತ ಅವಳನ್ನು ಹೊಗಳುತ್ತಿತ್ತು. ನನ್ನ ಮೇಲೇ ನನಗೆ ಸಿಟ್ಟು ಬಂತು.

ಬುಧವಾರ ಹದಿನೇಳು ಮೀಟರಿಗೆ ಹೋಗಿಬಂದೆವು. ಮೋಹಿನಿ ನೂರಿಪ್ಪತ್ತೈದು ಎಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಆಚೆ ತಿರುಗಿ ದೋಣಿಯಂಚಿನಲ್ಲಿ ಬಾಗಿ ವಾಂತಿ ಮಾಡಿಕೊಂಡಳು. ಇನಾಸರು ಕೇಳಿದ್ದಕ್ಕೆ, ದೋಣಿ ತೊನೆದದ್ದಕ್ಕೆ ಹಾಗಾಯಿತು ಎಂದಳು. ಪ್ರವಾಸಿಗರು ಆ ಮಾತು ಹೇಳಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜಟ್ಟಪ್ಪ ಮಾತ್ರ ಚಹಾದ ಲೋಟ ಕೆಳಗಿಟ್ಟ.

"ನಮ್ಮ ಜನಕ್ಕೆ ದೋಣಿ ಮೇಲೆ ವಾಂತಿ ಬರೂದಿಲ್ಲ. ಎಂತ ಆಯ್ತು, ಖರೆ ಹೇಳು."

ಅವಳು ಬಾಯಿ ಒರೆಸಿಕೊಂಡಳು. ಆಮೇಲೆ, ಪ್ರತಿ ಸಲ ಮೇಲೆ ಬಂದಾಗಲೂ ತಲೆ ಸಿಡಿಯುತ್ತದೆ ಎಂದು ಒಪ್ಪಿಕೊಂಡಳು. ಇನಾಸರ ಮುಖ ಬಿಳಿಚಿತು. ನೀರೊಳಗೆ ಉಸಿರು ಹಿಡಿಯುತ್ತೀಯಾ ಎಂದು ಕೇಳಿದರು. ಅವಳು ಅಪ್ಪನ ಕಡೆ ನೋಡಿ ಹೌದೆಂದು ತಲೆಯಾಡಿಸಿದಳು. ಇಪ್ಪತ್ತಮೂರು ಸಲ ಅದನ್ನು ಗಮನಿಸದೆ ಮುಳ್ಳಿನ ಲೆಕ್ಕವೊಂದನ್ನೇ ನೋಡಿದ್ದು ತನ್ನ ತಪ್ಪು ಎಂದರು ಇನಾಸರು. ಆಮೇಲೆ ಅವಳ ಎದುರಿಗೇ ಕುಳಿತರು.

"ನಿಯಮದ ಪ್ರಕಾರ ನೀ ಶುಕ್ರವಾರ ಬರಬಹುದು, ಮೊದಲ ಕಾರ್ಡ್ ಉಂಟು. ಬೇಡ ಅಂತ ನಾ ಒಂದು ಮಾತಲ್ಲಿ ಹೇಳಿಬಿಡಬಹುದು. ಆದ್ರೆ ನೀನೇ ಹೇಳು, ನೀ ತಯಾರುಂಟಾ?"

ಅವಳು ನನ್ನನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಗಾಜಿನ ಮೇಲೆ ಹೆಬ್ಬೆರಳು ಒತ್ತಿಹಿಡಿದು, "ಇಲ್ಲ ಸರ್. ನನ್ನ ಹೆಸರು ತೆಗೀರಿ" ಎಂದಳು. ಹೇಳುವಾಗ ಅತ್ತಳು. ಗೈಡಿನ ಜಾಗಕ್ಕೆ ಕಾರವಾರದ ಯಾರೋ ಒಬ್ಬರು ಬಂದರು.

ಶುಕ್ರವಾರ ಉಳಿದವರು ಆಳಕ್ಕೆ ಹೋಗಿಬಂದ ಮೇಲೆ ಇನಾಸರು ಮೋಹಿನಿಯನ್ನು ಬರೀ ಎಂಟು ಮೀಟರಿಗೆ ಇಳಿಸಿದರು. ಅವಳ ಸೊಂಟಕ್ಕೊಂದು ಹಗ್ಗ ಕಟ್ಟಿ, ಅದರ ತುದಿಯನ್ನು ಜಟ್ಟಪ್ಪ ತಾನೇ ಹಿಡಿದು ಕುಳಿತ. ತಿಳಿನೀರಿನಲ್ಲಿ ಅವಳ ಉಸಿರಿನ ಗುಳ್ಳೆಗಳು ಮೇಲೇಳುವುದು ಅವನಿಗೆ ಚೆನ್ನಾಗಿ ಕಾಣುತ್ತಿತ್ತು. "ಗುಳ್ಳೆ ನಿಂತ ಕೂಡ್ಲೆ ನಾ ಹಗ್ಗ ಎಳೀತೆ" ಎಂದಿದ್ದ. ಉಸಿರು ಹಿಡಿಯಲು ಕಲಿಸಿದವನೇ ಈಗ ಬಿಡಲು ಕಲಿಸಬೇಕಾಯಿತು. ಆ ದಿನ ಹಗ್ಗ ಹತ್ತೊಂಬತ್ತು ಸಲ ಜಗ್ಗಿತು. ಪ್ರತಿ ಸಲವೂ ಅವಳು ಬೆಚ್ಚಿ ಉಸಿರು ಬಿಡುತ್ತಿದ್ದಳು, ನಾನು ನಿಟ್ಟುಸಿರು ಬಿಡುತ್ತಿದ್ದೆ.

ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಮತ್ತೆ ಇಳಿದೆವು. ಏಳು ಸಲ ಜಗ್ಗಿತು, ಆಮೇಲೆ ಮೂರು. ನವೆಂಬರಿನ ಒಂದು ಬೆಳಿಗ್ಗೆ ಮುಕ್ಕಾಲು ಗಂಟೆ ನೀರೊಳಗಿದ್ದೆವು, ಹಗ್ಗ ಅಲುಗಲೇ ಇಲ್ಲ. ಎಳೆ, ಬಿಡು, ಎಳೆ, ಬಿಡು. ನನ್ನ ಕೊಳವೆ ತೊಟ್ಟಿಲ ಹಾಗೆ ಒಂದೇ ಸಮನೆ ತೂಗಿತು. ಮೇಲೆ ಬಂದಾಗ ಮುಳ್ಳು ಅರವತ್ತೈದರಲ್ಲಿತ್ತು. ಅರವತ್ತೈದು ಎಂದು ಅವಳು ಇಡೀ ದೋಣಿಗೆ ಕೇಳುವಂತೆ ಕೂಗಿದಳು. ಆ ದಿನ ಎಲ್ಲರಿಗಿಂತ ಕಡಿಮೆ ಗಾಳಿ ಉಳಿಸಿದ್ದು ಅವಳೇ. ಜಟ್ಟಪ್ಪ ಎಲ್ಲರಿಗೂ ಕೊಟ್ಟಾದ ಮೇಲೆ ಅವಳಿಗೆ ಕೊನೆಯ ಲೋಟ ಕೊಟ್ಟ. ಕೊಡುವಾಗ ಅವನ ಕಣ್ಣು ಒದ್ದೆಯಾಗಿತ್ತು.

"ತಲೆ ನೋಯ್ತದ?"

"ಇಲ್ಲ ಅಪ್ಪಾ, ಒಂಚೂರೂ ಇಲ್ಲ." ಆಮೇಲೆ ಇನಾಸರ ಕಡೆ ತಿರುಗಿ, "ಸರ್, ಈಗ ನನ್ನ ಹೆಸರು ಬರೀರಿ" ಎಂದಳು.

ಮುಂದಿನ ಭಾನುವಾರ ಹೊರಟೆವು. ಹದಿನೆಂಟು ಮೀಟರು ದಾಟಿದಾಗ ನನಗೆ ತಡೆಯಲಾರದ ಸಂಭ್ರಮ. ಇಪ್ಪತ್ತೆರಡು, ಇಪ್ಪತ್ತಾರು. ಕೆಂಪು ಬಣ್ಣವೆಲ್ಲ ಬೂದಿಯಾಗಿ, ನೀರು ಕಡುನೀಲಿಯಾಗಿ, ಬಂಡೆಯ ಸಂದಿನಿಂದ ಸಾವಿರಾರು ಹಳದಿ ಮೀನುಗಳು ಒಮ್ಮೆಗೇ ಹೊರಬಿದ್ದವು. ಮೂವತ್ತಕ್ಕೆ ಮುಟ್ಟಿದೆವು. ಇನಾಸರು ನೀರೊಳಗೆ ಬರೆಯುವ ಪುಟ್ಟ ಹಲಗೆಯ ಮೇಲೆ ಒಂದು ಗುಣಾಕಾರ ಬರೆದು ತೋರಿಸಿದರು. ಆಳದಲ್ಲಿ ಬುದ್ಧಿ ಮಂಕಾಗಿದೆಯೇ ಎಂದು ನೋಡುವ ಪರೀಕ್ಷೆ ಅದು. ಮೋಹಿನಿ ನನ್ನನ್ನೊಮ್ಮೆ ನೋಡಿ, ಉತ್ತರ ಬರೆದು, ಅದರ ಕೆಳಗೆ ನಗುವ ಮುಖವೊಂದನ್ನೂ ಬರೆದಳು. ಒಂದು ಉಸಿರೂ ತಪ್ಪಲಿಲ್ಲ.

ಇದೆಲ್ಲ ಆಗಿ ಒಂಬತ್ತು ವರ್ಷವಾಯಿತು. ಹೋದ ವರ್ಷ ನನ್ನ ಗಾಜಿನೊಳಗೆ ಉಪ್ಪುನೀರು ಸೇರಿ ಮುಳ್ಳು ನಲವತ್ತರಲ್ಲಿ ಸಿಕ್ಕಿಕೊಂಡಿತು. ಈಗ ಶಾಲೆಯ ಗೋಡೆಯ ಮೊಳೆಯೊಂದರಲ್ಲಿ ನೇತಾಡುತ್ತಿದ್ದೇನೆ. ಇದೇ ಕೋಣೆಯಲ್ಲಿ ಮೋಹಿನಿ ಪಾಠ ಮಾಡುತ್ತಾಳೆ. ಮೊನ್ನೆ ಧಾರವಾಡದ ಒಬ್ಬ ಹುಡುಗಿ ಆರನೆಯ ಡೈವು ಮುಗಿಸಿ ಬಂದವಳು, ಅಡ್ವಾನ್ಸ್ಡ್ ಕೋರ್ಸಿಗೆ ಯಾವಾಗ ಸೇರಲಿ, ಎಷ್ಟು ಸಲ ಮುಳುಗಿರಬೇಕು ಎಂದು ಕೇಳಿದಳು.

"ಎಷ್ಟು ಸಲ ಅಂತ ನಾ ಕೇಳೂದಿಲ್ಲ" ಎಂದಳು ಮೋಹಿನಿ. "ಕೆಳಗೆ ನಿಂಗೆ ಎಂತ ಕಷ್ಟ ಆಯ್ತು ಅಂತ ಮೇಲೆ ಬಂದು ನೀನಾಗೇ ಹೇಳ್ತೀಯಲ್ಲ, ಆವತ್ತು ಬಾ."

ಹುಡುಗಿ ಒದ್ದೆ ಕೂದಲು ಹಿಂಡಿಕೊಳ್ಳುತ್ತ ನಿಂತಳು. ಬಾಗಿಲವರೆಗೆ ಹೋದಳು. ಅಲ್ಲಿಂದ ತಿರುಗಿ ಬಂದು, "ಮೇಡಂ, ಇವತ್ತ ನನಗ ಕಿವಿ ಭಾಳ ನೋವಾತ್ರಿ. ಎಲ್ಲಾರೂ ಇಳದ್ರು, ನಾಚಿಕಿ ಬಂದು ಸುಮ್ಮನಾದೆ" ಎಂದಳು.

ಮೋಹಿನಿ ಕುರ್ಚಿ ಎಳೆದುಕೊಟ್ಟು, ಕೂತುಕೊಂಡು ಮೊದಲಿನಿಂದ ಹೇಳು ಎಂದಳು. ಹುಡುಗಿ ಹೇಳತೊಡಗಿದಳು. ಮೊಳೆಯ ಮೇಲಿದ್ದ ನನಗೆ ಎಷ್ಟು ಖುಷಿಯಾಯಿತೆಂದರೆ, ಮುಳ್ಳು ಅಲುಗುವಂತಿದ್ದರೆ ಇನ್ನೂರನ್ನೂ ದಾಟಿಬಿಡುತ್ತಿತ್ತು.