ಆಳೆತ್ತರದ ಕನ್ನಡಿ

ಹೊಲಿಗೆ ಅಂಗಡಿಯಲ್ಲಿ ಕನ್ನಡಿ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಎರಡು ಮಿಷನ್, ಇಸ್ತ್ರಿಪೆಟ್ಟಿಗೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂವತ್ತು ವರ್ಷದ ಅಳತೆ ಪುಸ್ತಕಗಳನ್ನು ಪೇರಿಸಿಟ್ಟ ಮರದ ಕಪಾಟು. ಆದರೆ ಹೊಸ ಬಟ್ಟೆ ತೊಟ್ಟವರು ತಮ್ಮನ್ನು ತಾವು ನೋಡಿಕೊಳ್ಳಬೇಕೆಂದರೆ ರಸ್ತೆ ದಾಟಿ ಎದುರಿನ ಕ್ಷೌರದಂಗಡಿಗೆ ಹೋಗಬೇಕಿತ್ತು. "ನನ್ನ ಗಿರಾಕಿಗಳಿಗಿಂತ ನಿಮ್ಮ ಗಿರಾಕಿಗಳೇ ಇಲ್ಲಿ ಜಾಸ್ತಿ ಆಗಿದ್ದಾರೆ" ಎಂದು ಕ್ಷೌರಿಕ ವಾರಕ್ಕೊಮ್ಮೆಯಾದರೂ ಗೊಣಗುತ್ತಿದ್ದ.

ಅಂಗಡಿ ಅತ್ತೆಯದು. ಕನ್ನಡಿ ಬೇಡವೆಂಬುದೂ ಅತ್ತೆಯದೇ ತೀರ್ಮಾನ. "ಕನ್ನಡಿ ಇಟ್ಟರೆ ಜನ ಇಲ್ಲದ ತಪ್ಪು ಹುಡುಕ್ತಾರೆ. ಚೆನ್ನಾಗಿ ಕೂತಿದೆ ಅಂತ ನಾನೇ ಹೇಳ್ತೀನಲ್ಲ, ಸಾಲದಾ?" ಮೂವತ್ತು ವರ್ಷ ಅದು ಸಾಕಾಗಿತ್ತು. ಅತ್ತೆಯ ಎದುರು ನಿಂತು ಸಾಲದು ಅನ್ನುವ ಧೈರ್ಯ ಯಾರಿಗಿದೆ?

ಹೋದ ತಿಂಗಳು ಶಾಲೆಯ ಟೀಚರೊಬ್ಬರು ಅರೆಹೊಲಿದ ಉಡುಪು ತೊಟ್ಟು, ಅಂಚಿನ ತುಂಬ ಗುಂಡುಸೂಜಿ ಚುಚ್ಚಿಸಿಕೊಂಡು, ರಸ್ತೆ ದಾಟಿ ಹೋದರು. ಅಲ್ಲಿ ಕೆನ್ನೆಗೆ ಸೋಪು ಬಳಿದುಕೊಂಡು ಕೂತಿದ್ದ ಮೂವರು ಗಂಡಸರು ತಲೆಗೊಂದು ಅಭಿಪ್ರಾಯ ಕೊಟ್ಟರು. ಬೆನ್ನು ಮೂಟೆ ಕಟ್ಟಿದ ಹಾಗಿದೆ ಎಂದನಂತೆ ಒಬ್ಬ. ಟೀಚರು ತುಟಿ ಬಿಗಿದುಕೊಂಡು ವಾಪಸು ಬಂದು, ಬಟ್ಟೆ ಬಿಚ್ಚಿಟ್ಟು, ಅದನ್ನು ಹಾಗೇ ಚೀಲಕ್ಕೆ ತುರುಕಿಕೊಂಡು ಸ್ಟೇಷನ್ ರಸ್ತೆಯ ದರ್ಜಿಯ ಹತ್ತಿರ ಹೋದರು. ಅವನ ಅಂಗಡಿಯಲ್ಲಿ ಕನ್ನಡಿ ಇತ್ತು.

ಅವತ್ತು ಸೊಸೆ ಮಿಷನ್ ಮೇಲೆ ಬಟ್ಟೆ ಹೊದಿಸಿ ಎದ್ದಳು. "ಕನ್ನಡಿ ಬರೋವರೆಗೂ ನಾನು ಇದರ ಮುಂದೆ ಕೂರಲ್ಲ ಅತ್ತೆ."

ಅತ್ತೆ ಒಂದು ವಾರ ಮಾತಾಡಲಿಲ್ಲ. ಎಂಟನೆಯ ದಿನ ಷರತ್ತು ಹೇಳಿದರು. "ನಮ್ಮೂರಲ್ಲಿ ಮುಖ ನೋಡೋ ಕನ್ನಡಿ ಬಿಟ್ಟರೆ ಬೇರೆ ಸಿಗಲ್ಲ. ಮಂಗಳವಾರ ರಜೆ, ಇಬ್ಬರೂ ನಗರಕ್ಕೆ ಹೋಗೋಣ. ಕನ್ನಡಿ ಇಡಿಯಾಗಿ ಗೋಡೆಗೆ ಬಂದರೆ ನಿನ್ನ ಮಾತು ನಡೀಲಿ. ಒಂದು ಬಿರುಕು, ಒಂದು ಚಕ್ಕೆ ಎದ್ದರೂ ಅಂಗಳಕ್ಕೆ ಹೋಗುತ್ತೆ. ಆಮೇಲೆ ಕನ್ನಡಿ ಅನ್ನೋ ಮಾತು ಈ ಮನೇಲಿ ಏಳಬಾರದು."

"ಆಯ್ತು" ಎಂದಳು ಸೊಸೆ. ಅತ್ತೆ ಜೊತೆಗೆ ಬರುತ್ತಿರುವುದು ಸಹಾಯಕ್ಕಲ್ಲ, ಪಹರೆಗೆ ಎಂಬುದು ಅವಳಿಗೆ ಗೊತ್ತಿತ್ತು.

ಸೋಮವಾರ ಸಂಜೆ ಬಾಗಿಲಿಗೂ ಕಪಾಟಿಗೂ ನಡುವಿನ ಗೋಡೆಯನ್ನು ಟೇಪು ಹಿಡಿದು ಅಳೆದು, ಪುಸ್ತಕದಲ್ಲಿ ಬರೆದುಕೊಂಡಳು. ಹದಿನಾಲ್ಕು ವರ್ಷದಿಂದ ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಕಣ್ಣು ಅಳೆಯಿತು, ಕೈ ಬರೆಯಿತು, ತಲೆಗೆ ಕೆಲಸವೇ ಬೀಳಲಿಲ್ಲ.

ಬೆಳಗಿನ ರೈಲಿನಲ್ಲಿ ಅತ್ತೆಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅವರು ಕಿಟಕಿಯಾಚೆ ನೋಡಲೇ ಇಲ್ಲ. ಎದುರು ಕೂತವರ ಕಾಲರು ನೋಡಿದರು. "ಅಲ್ನೋಡೇ, ಆ ನೀಲಿ ಅಂಗಿ. ಜೇಬು ಒಂದು ಕಡೆ ಎಳೆದಿದೆ."

"ಮೆಲ್ಲಗೆ ಹೇಳಿ ಅತ್ತೆ, ಕೇಳಿಸುತ್ತೆ."

"ಕೇಳಲಿ. ಹೊಲಿದವನಿಗೆ ಹೋಗಿ ಹೇಳಲಿ."

ನೀಲಿ ಅಂಗಿಯವನು ಎದ್ದು ಬೇರೆ ಡಬ್ಬಿಗೆ ಹೋದ. ಅತ್ತೆ ಆ ಸೀಟಿನ ಮೇಲೆ ಕಾಲು ಚಾಚಿದರು. ಇಳಿಯುವ ಗಡಿಬಿಡಿಯಲ್ಲಿ ಛತ್ರಿ ಅಲ್ಲೇ ಉಳಿಯಿತು. ಇಬ್ಬರಿಗೂ ನೆನಪಾದದ್ದು ಸ್ಟೇಷನ್ನಿನ ಹೊರಗೆ ಬಿಸಿಲಿಗೆ ಬಂದ ಮೇಲೆ.

"ಛತ್ರಿ ನಿನ್ನ ಕೈಲಿತ್ತು."

"ನಿಮ್ಮ ಕೈಲಿತ್ತು."

"ಇರಲಿ ಬಿಡು, ಮಳೆ ಬರೋ ಹಾಗಿಲ್ಲ" ಎಂದರು ಅತ್ತೆ. ಮನೆಯಲ್ಲಾಗಿದ್ದರೆ ಇದೇ ಮಾತು ಮೂರು ದಿನ ನಡೆಯುತ್ತಿತ್ತು. ಸೊಸೆ ಅವರ ಮುಖವನ್ನೇ ನೋಡಿದಳು. ಅತ್ತೆಯ ಕಣ್ಣು ಆಗಲೇ ಬೇರೆಲ್ಲೋ ಇತ್ತು. ರಸ್ತೆಯ ಮೇಲೆ ಸಾವಿರಾರು ಜನ ಹೋಗುತ್ತಿದ್ದರು, ಒಬ್ಬೊಬ್ಬರ ಮೈಮೇಲೂ ಯಾರೋ ಹೊಲಿದ ಬಟ್ಟೆ. ಮೂವತ್ತು ವರ್ಷ ಒಂದು ಬೀದಿಯ ಬೆನ್ನುಗಳನ್ನಷ್ಟೇ ನೋಡಿದ್ದ ಹೆಂಗಸಿಗೆ ಇಡೀ ನಗರವೇ ಪರೀಕ್ಷೆಗೆ ಬಂದು ನಿಂತ ಹಾಗಿತ್ತು.

ಸೇತುವೆ ಹತ್ತಲು ಅಲ್ಲಿ ಓಡುವ ಮೆಟ್ಟಿಲಿತ್ತು. "ನಾನು ಹತ್ತಲ್ಲ, ನೀನು ಬೇಕಾದರೆ ಹೋಗು" ಎಂದರು ಅತ್ತೆ. ಸೊಸೆ ಕೈ ಹಿಡಿದು ಎಳೆದಳು. ಮೇಲೆ ಮುಟ್ಟಿದ ಮೇಲೆ ಅತ್ತೆ ಪಕ್ಕದ ಮಾಮೂಲಿ ಮೆಟ್ಟಿಲಿನಲ್ಲಿ ಕೆಳಗಿಳಿದು, ಇನ್ನೊಮ್ಮೆ ಮೇಲೆ ಬಂದರು. ಮೂರನೆಯ ಸಲ ಬರುವಾಗ ಕೆಳಗಿನಿಂದಲೇ ಕೈ ಬೀಸಿದರು. "ಮಿಷನ್ ಕೆಳಗಿನ ಹಲ್ಲು ಬಟ್ಟೇನ ಮುಂದೆ ತಳ್ಳುತ್ತಲ್ಲ, ಹಂಗೇ ಕಣೇ ಇದು! ಇಲ್ಲಿ ನಾವೇ ಬಟ್ಟೆ!"

ಬಸ್ಸಿಗೆ ಕಾಯುವಾಗ ಮುಂದೊಬ್ಬ ಯುವಕ ನಿಂತಿದ್ದ. ಹೊಸ ಕೋಟು, ಕೈಯಲ್ಲಿ ಫೈಲು, ಬಾಯಲ್ಲಿ ಏನೋ ಗಟ್ಟು ಹೊಡೆಯುವ ಪಿಸುಮಾತು. ಕೆಲಸದ ಸಂದರ್ಶನಕ್ಕೆ ಹೊರಟವನೆಂದು ಕುರುಡರಿಗೂ ಗೊತ್ತಾಗುತ್ತಿತ್ತು. ಕೋಟಿನ ಹಿಂದಿನ ಸೀಳಿಗೆ ಅಂಗಡಿಯವರು ಹಾಕಿದ್ದ ಬಿಳಿ ದಾರದ ಕಚ್ಚಾ ಹೊಲಿಗೆ ಇನ್ನೂ ಹಾಗೇ ಇತ್ತು, ದೊಡ್ಡದಾದ ತಪ್ಪು ಗುರುತಿನ ಹಾಗೆ.

ಸೊಸೆ "ಅತ್ತೆ, ಬೇಡ" ಅನ್ನುವಷ್ಟರಲ್ಲಿ ಅತ್ತೆ ಚೀಲದಿಂದ ಪುಟ್ಟ ಕತ್ತರಿ ತೆಗೆದು ಅವನ ಹಿಂದೆ ಬಗ್ಗಿಯಾಗಿತ್ತು. ಯುವಕ ಬೆಚ್ಚಿ ತಿರುಗಿದ. "ಅಜ್ಜಿ! ಏನ್ ಮಾಡ್ತಿದೀರಿ?"

"ಅಲ್ಲಾಡಬೇಡ. ಈ ದಾರ ಬಿಚ್ಚದೆ ಹಾಕ್ಕೊಂಡಿದ್ದೀಯಲ್ಲಪ್ಪ, ಕೂತರೆ ಪರ್ರನೆ ಹರಿಯುತ್ತೆ. ನಿಮ್ಮಮ್ಮ ನೋಡಲಿಲ್ವಾ?"

"ಅಮ್ಮ ಮುಂದಿನಿಂದ ನೋಡಿದ್ರು."

"ಎಲ್ಲರೂ ಮುಂದಿನಿಂದಲೇ ನೋಡ್ತಾರೆ. ತಿರುಗು. ಹಾಂ. ಈಗ ಬೆನ್ನು ನೆಟ್ಟಗೆ ಮಾಡಿ ನಡಿ, ಕೆಲಸ ಸಿಗುತ್ತೆ."

ಬಿಚ್ಚಿದ ದಾರ ಎತ್ತಿ ತೋರಿಸಲೆಂದು ಕತ್ತರಿಯನ್ನು ಅವನ ಕೈಗೆ ಹಿಡಿಸಿದರು. ಅಷ್ಟರಲ್ಲಿ ಇವರ ಬಸ್ಸು ಬಂತು. ಜನ ನುಗ್ಗಿದರು, ಸೊಸೆ ಅತ್ತೆಯನ್ನು ಹತ್ತಿಸಿ ತಾನೂ ತೂರಿಕೊಂಡಳು. ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಲ್ಲಿ ನೋಡಿದರೆ ಯುವಕ "ಅಜ್ಜಿ, ಕತ್ತರಿ!" ಎಂದು ಕತ್ತರಿ ಎತ್ತಿ ಹಿಡಿದು ಓಡಿ ಬರುತ್ತಿದ್ದ. ಅವನ ಸುತ್ತ ಜನ ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದರು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುವೆಯಾಗಿ ಬಂದ ಮೇಲೆ ಅತ್ತೆ ಹೀಗೆ ನಕ್ಕಿದ್ದನ್ನು ಸೊಸೆ ನೋಡಿರಲಿಲ್ಲ. ಅವಳಿಗೂ ತಡೆಯಲಾಗಲಿಲ್ಲ.

ಗಾಜಿನ ಅಂಗಡಿಯವನ ಹತ್ತು ಬೆರಳಲ್ಲೂ ಹಳೆಯ ಗಾಯದ ಗೆರೆಗಳಿದ್ದವು. ಸೊಸೆ ಪುಸ್ತಕ ತೆರೆದು ಓದಿದಳು. "ಎತ್ತರ ಅರವತ್ತೆರಡು ಇಂಚು, ಅಗಲ ಇಪ್ಪತ್ತನಾಲ್ಕು."

"ಗೋಡೆ ಅಳತೆನಾ, ಗಾಜಿನ ಅಳತೆನಾ ಅಮ್ಮ?"

"ಎಲ್ಲಾ ಲೆಕ್ಕ ಹಾಕೇ ಬರೆದಿದ್ದೀನಿ. ಇಷ್ಟೇ ಕೊಡಿ."

"ಒಂದ್ಸಲ ಕತ್ತರಿಸಿದರೆ ಮುಗೀತು ನೋಡಿ. ಇದು ಬಟ್ಟೆ ಅಲ್ಲ."

"ಅವಳು ಅಳತೆ ತಪ್ಪಿದವಳಲ್ಲ" ಎಂದರು ಅತ್ತೆ. ಸೊಸೆಯ ಮುಂದೆ ಯಾವತ್ತೂ ಆಡದ ಮಾತನ್ನು ಯಾರೋ ಅಪರಿಚಿತನಿಗೆ ಹೇಳಿದರು. ಸೊಸೆ ಕೇಳಿಸದವಳಂತೆ ಪುಸ್ತಕ ಮಡಚಿದಳು.

ಅವನು ಗಾಜಿನ ಮೇಲೆ ಒಂದೇ ಎಳೆತಕ್ಕೆ ಗೀರಿದ. ಸರ್ರನೆ ಸದ್ದಾಯಿತು. ಅಂಚಿಗೆ ತಂದು ಮೆಲ್ಲನೆ ಒತ್ತಿದ, ಗಾಜು ಟಕ್ಕನೆ ಎರಡಾಯಿತು. ಅತ್ತೆಯ ಬಾಯಿ ತೆರೆದೇ ಇತ್ತು. "ಎರಡನೇ ಸಲ ಮುಟ್ಟಲಿಲ್ಲ ನೋಡು. ಕೈ ಅಂದರೆ ಅದು."

ಕನ್ನಡಿಗೆ ಮೂಲೆಗಳಲ್ಲಿ ರಟ್ಟು ಕಟ್ಟಿ, ಮೇಲೆ ಹಳೆಯ ಪತ್ರಿಕೆ ಸುತ್ತಿ ಕೊಟ್ಟ. ಬಸ್ಸಿನ ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿದ. "ಗಾಜು ಹತ್ತಿಸಲ್ಲ. ಒಡೆದರೆ ನನ್ನ ತಲೆಗೆ ಬರುತ್ತೆ." ಎರಡನೆಯ ಬಸ್ಸೂ ಹಾಗೇ ಅಂತು. ಮೂರನೆಯದು ನಿಲ್ಲಲೇ ಇಲ್ಲ.

ಸರಿ, ನಡೆದರು. ಮುಂದೆ ಸೊಸೆ, ಹಿಂದೆ ಅತ್ತೆ, ನಡುವೆ ಕನ್ನಡಿ ಅಡ್ಡಡ್ಡ. ಮೊದಲ ತಿರುವಿನಲ್ಲೇ ಗಾಳಿ ಪತ್ರಿಕೆಯನ್ನು ಕಿತ್ತುಕೊಂಡು ಹೋಯಿತು. ಆಮೇಲೆ ನಡೆದದ್ದು ಮೆರವಣಿಗೆಯೇ. ಅವರಿಗಾಗಿ ವಾಹನ ನಿಲ್ಲಿಸಿದ ಟ್ರಾಫಿಕ್ ಪೊಲೀಸ್ ಕನ್ನಡಿ ಮುಂದೆ ಬಂದಾಗ ಟೋಪಿ ಸರಿಮಾಡಿಕೊಂಡ. ಕಾಲೇಜು ಹುಡುಗಿಯರು ಜೊತೆಯಲ್ಲೇ ನಡೆಯುತ್ತ ಕೂದಲು ತಿದ್ದಿಕೊಂಡರು. ಒಂದು ನಾಯಿ ಕನ್ನಡಿಯೊಳಗಿನ ನಾಯಿಯನ್ನು ನೋಡಿ ಬೊಗಳುತ್ತ ಇಡೀ ಬೀದಿ ಹಿಂಬಾಲಿಸಿತು. ಹಣ್ಣು ಮಾರುವವಳು ಕೂಗಿದಳು. "ಸ್ವಲ್ಪ ನಿಲ್ಲಿಸಿ ಅಕ್ಕಾ, ಬೆಳಗ್ಗೆಯಿಂದ ಮುಖ ನೋಡ್ಕೊಂಡಿಲ್ಲ!" ನಿಲ್ಲಿಸಿದರು. ಅವಳು ನೋಡಿಕೊಂಡು "ಪರವಾಗಿಲ್ವೇ!" ಎಂದು ಇಬ್ಬರಿಗೂ ಒಂದೊಂದು ಕಿತ್ತಳೆ ಕೊಟ್ಟಳು.

ಉದ್ಯಾನದಲ್ಲಿ ಒಂದು ಮರಕ್ಕೆ ಕನ್ನಡಿ ಒರಗಿಸಿ, ಬೆಂಚಿನ ಮೇಲೆ ಕೂತು ಬ್ರೆಡ್ಡು, ಮೊಟ್ಟೆ, ಕಿತ್ತಳೆ ತಿಂದರು. ಕೈ ಒರೆಸಿಕೊಂಡು ಎದ್ದ ಅತ್ತೆ ಕನ್ನಡಿಯ ಮುಂದೆ ನಿಂತವರು ನಿಂತೇ ಇದ್ದರು. ಮನೆಯಲ್ಲಿದ್ದದ್ದು ಅಂಗೈಯಗಲದ ಕನ್ನಡಿ. ತಲೆಯಿಂದ ಪಾದದವರೆಗೆ ತಮ್ಮನ್ನು ಒಟ್ಟಿಗೆ ಯಾವತ್ತು ನೋಡಿಕೊಂಡಿದ್ದರೋ.

"ಬಲ ಭುಜ ಕೆಳಗಿದೆಯಲ್ಲೇ."

"ಹೌದು ಅತ್ತೆ."

"ಈ ಅಂಗಿ ಯಾರು ಕತ್ತರಿಸಿದ್ದು?"

"ನೀವೇ."

"ಎಷ್ಟು ದಿನದಿಂದ ಹೀಗಿದೆ?"

"ನಾನು ಬಂದಾಗಿನಿಂದ. ನಿಮ್ಮ ಎಲ್ಲಾ ಅಂಗಿನೂ ಹೀಗೇ."

"ಹದಿನಾಲ್ಕು ವರ್ಷ! ಒಂದು ಮಾತು ಹೇಳಬಾರದಿತ್ತಾ?"

"ಚೆನ್ನಾಗಿ ಕೂತಿದೆ ಅಂತ ನೀವೇ ಹೇಳ್ತಿದ್ರಲ್ಲ."

ಅತ್ತೆ ಮತ್ತೆ ಕನ್ನಡಿಗೆ ಮುಖ ಮಾಡಿದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಕತ್ತು ಹೊರಳಿಸಿ ಬೆನ್ನು ನೋಡಿಕೊಂಡರು. "ಟೀಚರ ಬೆನ್ನೂ ಹೀಗೇ ಉಬ್ಬಿತ್ತೇನೋ" ಎಂದು ತಮಗೇ ಹೇಳಿಕೊಂಡು ಕನ್ನಡಿಯ ಹಿಂತುದಿ ಎತ್ತಿದರು. "ನಡಿ, ರೈಲು ತಪ್ಪುತ್ತೆ."

ರೈಲೇನೋ ತಪ್ಪಲಿಲ್ಲ, ಆದರೆ ಹೊರಡುವುದರಲ್ಲಿತ್ತು. ಓಡಿ ಹತ್ತುವಾಗ ಅತ್ತೆಯ ಎಡಗಾಲಿನ ಚಪ್ಪಲಿ ಜಾರಿ ಹಳಿಗಳ ನಡುವೆ ಬಿತ್ತು. ಅವರು ಮುಗ್ಗರಿಸಿದರು, ಕನ್ನಡಿ ಬಾಗಿಲಿನ ಕಬ್ಬಿಣಕ್ಕೆ ತಗುಲಿ ಟಿಣ್ ಎಂದಿತು. "ಏನೂ ಆಗಿಲ್ಲ ತಾನೆ?" ಎಂದರು ಅತ್ತೆ, ಬರಿಗಾಲು ಉಜ್ಜಿಕೊಳ್ಳುತ್ತ.

ರಟ್ಟು ಕಳಚಿದ್ದ ಮೂಲೆಯನ್ನು ಸೊಸೆ ನೋಡಿದಳು. ಅಕ್ಕಿಕಾಳಿನಷ್ಟು ಚಕ್ಕೆ ಹಾರಿತ್ತು. "ಏನೂ ಆಗಿಲ್ಲ" ಎಂದು ಅದರ ಮೇಲೆ ಹೆಬ್ಬೆರಳು ಇಟ್ಟಳು. ಎರಡು ಗಂಟೆ ತೆಗೆಯಲಿಲ್ಲ. ನೀರು ಬೇಕಾ ಅಂದರೆ ಬೇಡ ಎಂದಳು, ಮೂಗು ತುರಿಸಿದರೆ ಭುಜಕ್ಕೆ ಉಜ್ಜಿಕೊಂಡಳು.

ಅಂಗಡಿಯಲ್ಲಿ ಸೊಸೆಯ ಗಂಡ ಮೊಳೆ, ಸುತ್ತಿಗೆ ತಯಾರಿಟ್ಟು ಕಾಯುತ್ತಿದ್ದ. ಕನ್ನಡಿ ಎತ್ತಿ ಗೋಡೆಗೆ ಹಿಡಿದ. ಕೂರಲಿಲ್ಲ. ಬಾಗಿಲ ಕಡೆ ಒತ್ತಿದರೆ ಕಪಾಟಿನ ಮೇಲೆ ಹತ್ತುತ್ತಿತ್ತು. "ಎರಡಿಂಚು ಜಾಸ್ತಿ ಆಗಿದೆ" ಎಂದ.

"ಸಾಧ್ಯವೇ ಇಲ್ಲ." ಸೊಸೆ ಟೇಪು ತೆಗೆದು ಅಳೆದಳು. ಗೋಡೆ ಇಪ್ಪತ್ತೆರಡಿತ್ತು. ಪುಸ್ತಕದಲ್ಲಿ ಅವಳದೇ ಅಕ್ಷರದಲ್ಲಿ ಇಪ್ಪತ್ತನಾಲ್ಕಿತ್ತು. ಅತ್ತೆ ಪುಸ್ತಕ ಇಸಿದುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದರು.

"ಆ ಕಡೆ ಒಂದಿಂಚು, ಈ ಕಡೆ ಒಂದಿಂಚು. ಅಲ್ವೇ, ಗಾಜಿಗೂ ಹೊಲಿಗೆಗೆ ಅಂತ ಬಿಟ್ಟಿದ್ದೀಯಲ್ಲೇ!"

ಸೊಸೆ ನೆಲ ನೋಡಿದಳು. ಊರಲ್ಲಿ ಗಾಜು ಕತ್ತರಿಸುವವರಿಲ್ಲ. ಕನ್ನಡಿ ಗೋಡೆಗೆ ಬರಲಿಲ್ಲ, ಇಡಿಯಾಗಿಯೂ ಇಲ್ಲ. ಷರತ್ತು ಎರಡು ಕಡೆಯಿಂದ ಮುರಿದಿತ್ತು. ಅಳೆದು ಮುಗಿದದ್ದೇ ಹೆಬ್ಬೆರಳು ಮಾತ್ರ ಮತ್ತೆ ಮೂಲೆಯ ಮೇಲೆ ಹೋಗಿ ಕೂತಿತ್ತು.

"ನಾನು ಕಲಿಸಿದ್ದೇ ಹಾಗೆ" ಎಂದರು ಅತ್ತೆ. "ಹೊಲಿಗೆಗೆ ಬಿಡದೆ ಬರೆದರೆ ಕೈಮೇಲೆ ಟೇಪಿನಿಂದ ಹೊಡೀತಿದ್ದೆ, ನೆನಪಿದೆಯಾ?" ಆಮೇಲೆ ಮಗನ ಕಡೆ ತಿರುಗಿದರು. "ಏನೋ ಬಾಯ್ಬಿಟ್ಕೊಂಡು ನಿಂತಿದ್ದೀಯ? ಆ ಕಪಾಟು ಕೀಳು."

"ಅಮ್ಮ, ಅದರಲ್ಲಿ ನಿನ್ನ ಪುಸ್ತಕಗಳೆಲ್ಲ ಇವೆ."

"ಅದರಲ್ಲಿರೋರಲ್ಲಿ ಅರ್ಧ ಜನ ಸತ್ತಿದ್ದಾರೆ. ಇನ್ನರ್ಧ ಜನ ದಪ್ಪಗಾಗಿದ್ದಾರೆ. ಕೀಳು ಅಂದೆ."

ಹುಳು ತಿಂದಿದ್ದ ಕಪಾಟು ಎರಡೇ ಎಳೆತಕ್ಕೆ ಕೈಗೆ ಬಂದು ನಾಲ್ಕು ತುಂಡಾಯಿತು. ಕನ್ನಡಿ ಎತ್ತಿ ಹಿಡಿದರು. ಗಾಜು ಜಾರದಂತೆ ಮೂಲೆಗೊಂದು ಕೋಟಿನ ಗುಂಡಿಯನ್ನು ಮೊಳೆಗೆ ಪೋಣಿಸಿ ಹೊಡೆಯುವುದೆಂದು ಅತ್ತೆಯೇ ಉಪಾಯ ಹೇಳಿದರು. ಗುಂಡಿಯ ಡಬ್ಬಿ ಹಿಡಿದು ಒಂದೊಂದಾಗಿ ಆರಿಸಿ ಕೊಟ್ಟರು. ಮೂರು ಮೂಲೆ ಮುಗಿಯಿತು. ನಾಲ್ಕನೆಯದರ ಹತ್ತಿರ ಬಂದು, ಸೊಸೆಯ ಹೆಬ್ಬೆರಳನ್ನು ಎರಡು ಬೆರಳಿನಿಂದ ಎತ್ತಿ ಪಕ್ಕಕ್ಕಿಟ್ಟರು.

"ಈ ಮೂಲೆಗೆ ಸ್ವಲ್ಪ ದೊಡ್ಡ ಗುಂಡಿ ಹಾಕು" ಎಂದರು ಮಗನಿಗೆ.

ಸೊಸೆ ತಲೆಯೆತ್ತಿದಳು. "ಅತ್ತೆ, ಯಾವಾಗ ನೋಡಿದಿರಿ?"

"ಎರಡು ಗಂಟೆ ಮೂಗು ತುರಿಸದೆ ಕೂತರೆ ಯಾರಿಗಾದರೂ ಗೊತ್ತಾಗುತ್ತೆ. ಹೋಗು, ಟೇಪು ತಾ. ನನ್ನ ಭುಜ ಅಳಿ. ಈ ಸಲ ಇದ್ದ ಹಾಗೇ ಬರಿ."

ಎದುರಿನ ಕ್ಷೌರಿಕ ಸದ್ದು ಕೇಳಿ ಬಂದು ಬಾಗಿಲಲ್ಲಿ ನಿಂತ. ಹೊಸ ಕನ್ನಡಿಯಲ್ಲಿ ತನ್ನನ್ನು ಉದ್ದಕ್ಕೂ ನೋಡಿಕೊಂಡು, "ನನ್ನದಕ್ಕಿಂತ ದೊಡ್ಡದು ತಂದಿದ್ದೀರಿ" ಎಂದು ಮುಖ ಸಣ್ಣದು ಮಾಡಿದ. ಕನ್ನಡಿಯ ಮುಂದೆ ಅತ್ತೆ ಒಂದೇ ಚಪ್ಪಲಿಯಲ್ಲಿ ನೆಟ್ಟಗೆ ನಿಂತಿದ್ದರು. ಸೊಸೆ ಅಳೆಯುತ್ತಿದ್ದಳು.

ಆ ದಿನ ಕಳೆದದ್ದು ಇಷ್ಟು: ಒಂದು ಛತ್ರಿ, ಒಂದು ಪುಟ್ಟ ಕತ್ತರಿ, ಎಡಗಾಲಿನ ಚಪ್ಪಲಿ, ಒಂದು ಕಪಾಟು, ಅಕ್ಕಿಕಾಳಿನಷ್ಟು ಗಾಜು.